ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಪಾಡ್‌ಕಾಸ್ಟ್‌ನಲ್ಲಿ ಕನ್ನಡದ ದನಿ ಇರಬಹುದಾ?

ಪ್ರಶ್ನೆ: ಬ್ಯಾಡಗಿ ತಾಲೂಕಿನ ಇಂಗ್ಲಿಷ್ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಬ್ಯಾಡಗಿ ತಾಲೂಕಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ 11 ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಈ ಸಲ ಒಂಬತ್ತನೇ ಕ್ಲಾಸಿಗೆ ಎಫ್‌ಎ 4ರ (ವರ್ಷದ ನಾಲ್ಕನೇ ಕಿರು ಮೌಲ್ಯಮಾಪನದ) ಚಟುವಟಿಕೆಯಾಗಿ ಪಾಡ್‌ಕಾಸ್ಟ್ ಮಾಡಿಸುತ್ತಿದ್ದೇನೆ. ಪ್ರತಿ ವರ್ಷ ಚಾರ್ಟ್ ಬರೆಸಿ ಗೋಡೆಗೆ ಅಂಟಿಸಿ ಸಾಕಾಗಿತ್ತು. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಒಂದು ಪುಟ ಇಂಗ್ಲಿಷ್ ಪ್ರಬಂಧ ಬರೆಯುತ್ತಾರೆ. ಆದರೆ ಬಸ್ಸಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಕಿಟಕಿ ಕಡೆ ತಿರುಗಿಬಿಡುತ್ತಾರೆ. ಅವರ ಬಾಯಿಂದ ಇಂಗ್ಲಿಷ್ ಹೊರಗೆ ಬರಬೇಕು, ಅದನ್ನು ಅವರೇ ಕೂತು ಕೇಳಬೇಕು. ನನಗೆ ಬೇಕಾದದ್ದು ಇಷ್ಟೇ.

41 ಮಕ್ಕಳು, ಒಂಬತ್ತು ಗುಂಪು. ಗುಂಪಿಗೆ ನಾಲ್ಕು ನಿಮಿಷ. ವಿಷಯ ಅವರ ಇಷ್ಟ, ಆದರೆ ನಮ್ಮ ಊರಿಗೆ ಸಂಬಂಧಪಟ್ಟಿರಬೇಕು. ರೆಕಾರ್ಡಿಂಗ್ ನನ್ನ ಫೋನಿನಲ್ಲಿ, ಎಡಿಟಿಂಗ್ ಶಾಲೆಯ ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಎಂಬ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಂಡು.

ಐದು ಗುಂಪಿನದು ಮುಗಿದಿದೆ. ಕೇಳಿ ಬೇಜಾರಾಯಿತು. ಮಕ್ಕಳ ಮೇಲೆ ಅಲ್ಲ, ನಾನು ಮಾಡಿಸಿದ ರೀತಿಯ ಮೇಲೆ. ಎಲ್ಲರೂ ಸ್ಕ್ರಿಪ್ಟ್ ಬರೆದುಕೊಂಡು ಬಂದರು. ಕೆಲವು ಅಕ್ಕ ಬರೆದುಕೊಟ್ಟದ್ದು, ಕೆಲವು ಫೋನಿನಿಂದ ಇಳಿಸಿದ್ದು. ಒಂದೇ ಉಸಿರಿನಲ್ಲಿ ಓದಿ ಮುಗಿಸುತ್ತಾರೆ. ತಾವು ಓದಿದ ಪದದ ಅರ್ಥ ಕೇಳಿದರೆ ಮುಖ ನೋಡುತ್ತಾರೆ. ಆದರೆ ಒಂದು ಗುಂಪಿನವರು ಓದಿ ಮುಗಿಸಿದ ಮೇಲೆ ರೆಕಾರ್ಡರ್ ನಿಲ್ಲಿಸುವುದನ್ನು ಮರೆತಿದ್ದರು. ಆಮೇಲಿನ ಒಂದು ನಿಮಿಷ ಎಷ್ಟು ಚೆನ್ನಾಗಿದೆ ಗೊತ್ತಾ? ಅರ್ಧ ಕನ್ನಡ, ಅರ್ಧ ಇಂಗ್ಲಿಷ್. 'ಯು ಸೇಡ್ ಇಟ್ ಟೂ ಫಾಸ್ಟ್' ಅಂತ ಒಬ್ಬ, 'ಐ ವಾಸ್ ಶೇಕಿಂಗ್ ಯಾರ್' ಅಂತ ಇನ್ನೊಬ್ಬ. ಆ ದನಿ ಸ್ಕ್ರಿಪ್ಟ್ ಓದುವಾಗ ಎಲ್ಲಿಗೆ ಹೋಗುತ್ತದೆ?

ಆರನೇ ಗುಂಪು ನಾಲ್ಕು ಹುಡುಗಿಯರದು. ಅವರ ವಿಷಯ ಮೆಣಸಿನಕಾಯಿ. ಈಗ ಸುಗ್ಗಿ, ಮಾರುಕಟ್ಟೆ ಎಲ್ಲಾ ಕೆಂಪು. ಮೊದಲು ತಂದ ಸ್ಕ್ರಿಪ್ಟಿನಲ್ಲಿ 'ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಬಣ್ಣ ಜಾಸ್ತಿ, ಖಾರ ಕಡಿಮೆ, ಡಬ್ಬಿ ಮತ್ತು ಕಡ್ಡಿ ಎಂದು ಎರಡು ಬಗೆ' ಅಂತ ಇತ್ತು. ತಪ್ಪೇನಿಲ್ಲ. ಆದರೆ ಇವರಲ್ಲಿ ಇಬ್ಬರ ತಾಯಂದಿರು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಅದರ ಸುದ್ದಿಯೇ ಇರಲಿಲ್ಲ! ನಾನು ಸ್ಕ್ರಿಪ್ಟ್ ವಾಪಸ್ ಕೊಟ್ಟು, ಭಾನುವಾರ ಹೋಗಿ ಯಾರನ್ನಾದರೂ ಮಾತಾಡಿಸಿಕೊಂಡು ಬನ್ನಿ ಎಂದೆ. ಒಬ್ಬ ಅಜ್ಜಿಯ ಒಂಬತ್ತು ನಿಮಿಷದ ಮಾತು ತಂದಿದ್ದಾರೆ. ಅದರಲ್ಲಿ ಒಂದು ಮಾತು ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ: 'ಮೂಗಿಗೆ ರೂಢಿ ಆಗೇತಿ, ಕಣ್ಣಿಗೆ ಇನ್ನೂ ಆಗಿಲ್ಲ.'

ಹುಡುಗಿಯರು ಕೇಳುತ್ತಿದ್ದಾರೆ, 'ಮಿಸ್, ಇದು ಇಂಗ್ಲಿಷ್ ಪ್ರಾಜೆಕ್ಟ್, ಅಜ್ಜಿ ಮಾತು ತೆಗೆದು ಹಾಕಬೇಕಾ?' ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ತೆಗೆಯಲೇಬೇಕು ಎನ್ನುತ್ತಾರೆ. ನನಗೆ ಮನಸ್ಸಿಲ್ಲ. ಇಟ್ಟುಕೊಂಡರೆ ಮಾರ್ಕ್ಸ್ ಹೇಗೆ ಕೊಡುವುದು? ಇನ್ನೊಂದು ವಿಷಯ. ಅದೇ ಗುಂಪಿನ ಒಬ್ಬಳು ಮೈಕ್ ಮುಂದೆ ಬಾಯೇ ಬಿಡುವುದಿಲ್ಲ. ಒತ್ತಾಯ ಮಾಡಿದರೆ ಅಳುತ್ತಾಳೆ. ಅವಳಿಗೆ ಏನು ಮಾಡಲಿ?

ಉತ್ತರ 1: ಕೊಳ್ಳೇಗಾಲದ ಕಡೆಯ ಇಂಗ್ಲಿಷ್ ಶಿಕ್ಷಕ

ಮೇಡಂ, ಎರಡು ವರ್ಷದಿಂದ ನಾನೂ ಇದನ್ನು ಮಾಡಿಸುತ್ತಿದ್ದೇನೆ. ಮೊದಲು, ನಾಲ್ಕು ನಿಮಿಷ ಜಾಸ್ತಿ ಆಯಿತು. ನಮ್ಮ ಮಕ್ಕಳು ನಿಧಾನವಾಗಿ ಮಾತಾಡಿದರೆ ನಿಮಿಷಕ್ಕೆ ಸುಮಾರು 100 ಪದ. ನಾಲ್ಕು ನಿಮಿಷಕ್ಕೆ 400 ಪದ ಬೇಕು. ಅಷ್ಟು ಇಂಗ್ಲಿಷ್ ಅವರ ಹತ್ತಿರ ಇಲ್ಲದಿದ್ದರೆ ಅಕ್ಕನ ಹತ್ತಿರ ಹೋಗಲೇಬೇಕಲ್ಲ. ಎರಡು ನಿಮಿಷಕ್ಕೆ ಇಳಿಸಿ.

ಸ್ಕ್ರಿಪ್ಟ್ ಬರೆಯಲಿ, ಬೇಡ ಅನ್ನಬೇಡಿ. ಬರೆದದ್ದನ್ನು ನಿಮ್ಮ ಕೈಗೆ ಕೊಟ್ಟು, ಒಂದು ಸಣ್ಣ ಚೀಟಿಯಲ್ಲಿ ಐದೇ ಪದ ಇಟ್ಟುಕೊಂಡು ಮಾತಾಡಲಿ. ವ್ಯಾಕರಣ ಸ್ವಲ್ಪ ಕೆಡುತ್ತದೆ, ದನಿ ಸರಿಹೋಗುತ್ತದೆ. ಮೈಕ್ ಕಡೆ ಮಾತಾಡುವ ಬದಲು ಎದುರಿಗೆ ಒಬ್ಬ ಗೆಳೆಯನನ್ನು ಕೂರಿಸಿ, ಅವನಿಗೆ ಹೇಳಲಿ. ತುಂಬಾ ಫರಕು ಬೀಳುತ್ತದೆ.

ಕ್ಲಾಸ್ ರೂಮಿನಲ್ಲಿ ರೆಕಾರ್ಡ್ ಮಾಡಿದರೆ ಗೋಡೆಯೆಲ್ಲಾ ಮಾತಾಡುತ್ತದೆ. ನಾವು ಆಟದ ಸಾಮಾನಿನ ಕೋಣೆಯಲ್ಲಿ ಮಾಡುತ್ತೇವೆ, ಅಲ್ಲಿ ಜಮಖಾನ, ಮ್ಯಾಟು, ಬಟ್ಟೆ ಇವೆ. ಫ್ಯಾನ್ ಆಫ್, ಫೋನ್ ಏರ್‌ಪ್ಲೇನ್ ಮೋಡ್. ಬಾಯಿಂದ ಒಂದು ಗೇಣು ದೂರ, ನೇರ ಅಲ್ಲ, ಸ್ವಲ್ಪ ಓರೆಯಾಗಿ. ಇಲ್ಲದಿದ್ದರೆ ಪ, ಬ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ.

ಕನ್ನಡದ ವಿಷಯದಲ್ಲಿ ನಾನು ನಿಮ್ಮ ಹಿರಿಯರ ಪಕ್ಷ. ಬಾಗಿಲು ಸ್ವಲ್ಪ ತೆರೆದರೆ ಪೂರ್ತಿ ಕನ್ನಡ ನುಗ್ಗುತ್ತದೆ. ನನ್ನ ಒಂದು ಗುಂಪು ಹೀಗೇ ಶುರು ಮಾಡಿ, ಕೊನೆಗೆ ಇಂಗ್ಲಿಷಿನಲ್ಲಿ 'ಥ್ಯಾಂಕ್ಯೂ' ಮಾತ್ರ ಉಳಿಸಿತು. ದಿನಕ್ಕೆ ಒಂದು ಪೀರಿಯಡ್ ಇಂಗ್ಲಿಷ್ ಸಿಗುವ ಮಕ್ಕಳು ಇವರು. ಅದನ್ನೂ ಕಳೆಯಬಾರದು.

ಉತ್ತರ 2: ಧಾರವಾಡದಿಂದ, ರೇಡಿಯೊದಲ್ಲಿ ಕೆಲಸ ಮಾಡಿದವನು

ಧಾರವಾಡ ಆಕಾಶವಾಣಿಯಲ್ಲಿ ಕೆಲವು ವರ್ಷ ಕ್ಯಾಶುಯಲ್ ಅನೌನ್ಸರ್ ಆಗಿದ್ದೆ. ಅಜ್ಜಿಯ ಮಾತು ತೆಗೆಯಬೇಡಿ ಮೇಡಂ. ದಯವಿಟ್ಟು.

ಬೇರೆ ಭಾಷೆಯವರ ಮಾತನ್ನು ರೇಡಿಯೊದವರು ಹೇಗೆ ಕೇಳಿಸುತ್ತಾರೆ, ನೆನಪು ಮಾಡಿಕೊಳ್ಳಿ. ಮೊದಲು ಅವರ ದನಿ ಪೂರ್ತಿ ಕೇಳುತ್ತದೆ. ನಾಲ್ಕೈದು ಸೆಕೆಂಡ್ ಆದ ಮೇಲೆ ಅದು ಕೆಳಗೆ ಇಳಿಯುತ್ತದೆ, ಮೇಲೆ ಅನುವಾದದ ದನಿ ಬರುತ್ತದೆ. ಕೊನೆಯಲ್ಲಿ ಅನುವಾದ ಸ್ವಲ್ಪ ಮುಂಚೆ ಮುಗಿಯುತ್ತದೆ, ಅವರ ಕೊನೆಯ ಎರಡು ಪದ ಮತ್ತೆ ಮೇಲೆ ಬರುತ್ತವೆ. ನಿಮ್ಮ ಹುಡುಗಿಯರೂ ಹೀಗೇ ಮಾಡಲಿ. ಆಡಾಸಿಟಿಯಲ್ಲಿ ಅಜ್ಜಿಯ ದನಿ ಒಂದು ಟ್ರ್ಯಾಕ್, ಹುಡುಗಿಯ ಇಂಗ್ಲಿಷ್ ಅದರ ಕೆಳಗಿನ ಟ್ರ್ಯಾಕ್. ಎನ್ವಲಪ್ ಟೂಲ್‌ನಿಂದ ಮೇಲಿನದನ್ನು ಕೈಯಾರೆ ಇಳಿಸಬಹುದು. ಆಟೋ ಡಕ್ ಎಂಬ ಎಫೆಕ್ಟ್ ಕೂಡ ಇದೆ, ಅದು ತಾನೇ ಇಳಿಸುತ್ತದೆ. ಕೈಯಾರೆ ಮಾಡಿಸಿ. ಎಲ್ಲಿ ಇಳಿಸಬೇಕು ಎಂದು ತಿಳಿಯಲು ಮಾತನ್ನು ಹತ್ತು ಸಲ ಕೇಳಬೇಕಾಗುತ್ತದೆ.

ಕೊಳ್ಳೇಗಾಲದ ಸರ್ ಹೇಳಿದ ಭಯ ನಿಜ. ಅದಕ್ಕೆ ಒಂದು ಕಟ್ಟು ಹಾಕಿ. ಕನ್ನಡ ಮಾತಾಡುವುದು ಅತಿಥಿ ಮಾತ್ರ, ಮಕ್ಕಳಲ್ಲ. ಒಂದು ಸಲಕ್ಕೆ 20 ಸೆಕೆಂಡ್, ಎರಡು ನಿಮಿಷದಲ್ಲಿ ಎರಡೇ ಸಲ. ಒಂಬತ್ತು ನಿಮಿಷದಿಂದ ಆ 40 ಸೆಕೆಂಡ್ ಆರಿಸುವುದೇ ದೊಡ್ಡ ಕೆಲಸ. ಆರಿಸಿದ್ದನ್ನು ಅಷ್ಟೇ ಉದ್ದದ ಇಂಗ್ಲಿಷಿಗೆ ತರಬೇಕು. ಸಡಿಲ ಬಿಟ್ಟರೆ ಉದ್ದ ಆಗುತ್ತದೆ, ಬಿಗಿ ಮಾಡಿದರೆ ಅರ್ಥ ಹೋಗುತ್ತದೆ. ಇದಕ್ಕಿಂತ ಒಳ್ಳೆ ಇಂಗ್ಲಿಷ್ ಅಭ್ಯಾಸ ನನಗಂತೂ ಗೊತ್ತಿಲ್ಲ.

ಹುಡುಗಿಯರನ್ನು ಮತ್ತೊಮ್ಮೆ ಮಾರುಕಟ್ಟೆಗೆ ಕಳಿಸಿ. ಯಾರೂ ಮಾತಾಡದೆ ಒಂದು ನಿಮಿಷ ಅಲ್ಲಿನ ಸದ್ದು ಹಿಡಿಯಲಿ. ಚೀಲ ಎಳೆಯುವುದು, ತಕ್ಕಡಿ, ಕೆಮ್ಮು, ಎಲ್ಲಾ ಇರಲಿ. ಮಾತು ಕತ್ತರಿಸಿದ ಜಾಗದಲ್ಲಿ ಆ ಸದ್ದು ಹಾಸಿದರೆ ಕತ್ತರಿ ಬಿದ್ದದ್ದು ಗೊತ್ತಾಗುವುದಿಲ್ಲ. ಸಿನಿಮಾ ಹಾಡು ಹಾಕಲು ಮಕ್ಕಳು ಕೇಳುತ್ತಾರೆ, ಬೇಡ ಅನ್ನಿ. ಹಕ್ಕುಸ್ವಾಮ್ಯದ ತೊಂದರೆ ಒಂದು, ಆ ಹಾಡು ಅಜ್ಜಿಯನ್ನು ನುಂಗಿಬಿಡುತ್ತದೆ ಎನ್ನುವುದು ಇನ್ನೊಂದು. ಕೊನೆಗೆ ಮೋನೊದಲ್ಲಿ, 64 ಕೆಬಿಪಿಎಸ್ ಎಂಪಿ3 ಮಾಡಿ. ನಿಮಿಷಕ್ಕೆ ಸುಮಾರು ಅರ್ಧ ಎಂಬಿ, ಯಾರ ಫೋನಿಗೂ ಭಾರವಲ್ಲ.

ಆದರೆ ಇಂಟರ್ನೆಟ್ಟಿಗೆ ಹಾಕುವ ಮುಂಚೆ ಯೋಚಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ವಿವರಗಳಿಗೆ ಪೋಷಕರ ಒಪ್ಪಿಗೆ ಬೇಕು. ಪ್ರಾರ್ಥನೆ ಹೊತ್ತಿನಲ್ಲಿ ಶಾಲೆಯ ಸ್ಪೀಕರಿನಲ್ಲಿ ಹಾಕಿದರೆ ಸಾಕು. ಅಜ್ಜಿಯ ಒಪ್ಪಿಗೆಯನ್ನೂ ಕೇಳಿ.

ನಿಮ್ಮ ಹಿರಿಯರಿಗೆ ಇನ್ನೊಂದು ಮಾತು ಹೇಳಿ. 1935ರಲ್ಲಿ ಮೈಸೂರಿನಲ್ಲಿ ಮನೆಯಲ್ಲೇ ರೇಡಿಯೊ ನಿಲಯ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಮೇಷ್ಟ್ರು. ಆ ಪುಟ್ಟ ನಿಲಯದ ಹೆಸರೇ ಆಕಾಶವಾಣಿ. ದೇಶಕ್ಕೆಲ್ಲ ಆ ಹೆಸರು ಆಮೇಲೆ ಬಂತು. ಮೇಷ್ಟ್ರುಗಳು ಮೈಕ್ ಹಿಡಿಯುವುದು ನಮ್ಮಲ್ಲಿ ಹೊಸದಲ್ಲ.

ಉತ್ತರ 3: ನ್ಯೂಜೆರ್ಸಿಯಲ್ಲಿ ಹೈಸ್ಕೂಲ್ ಇಂಗ್ಲಿಷ್ ಕಲಿಸುವ ಕನ್ನಡತಿ

ನನ್ನೂರು ರಾಣೆಬೆನ್ನೂರು. ನಿಮ್ಮ ಪ್ರಶ್ನೆ ಓದಿ ಘಾಟು ಮೂಗಿಗೆ ಬಂದ ಹಾಗಾಯಿತು.

ಇಲ್ಲಿ ಇಂಗ್ಲಿಷ್ ಕ್ಲಾಸಿಗೆ ಪಾಡ್‌ಕಾಸ್ಟ್ ಬಂದದ್ದು 2014ರ 'ಸೀರಿಯಲ್' ಆದ ಮೇಲೆ. ಬಾಲ್ಟಿಮೋರಿನ ಒಂದು ಹಳೆಯ ಕೊಲೆ ಕೇಸನ್ನು ವಾರವಾರ ಬಿಚ್ಚಿಡುವ ಪಾಡ್‌ಕಾಸ್ಟ್ ಸರಣಿ ಅದು. ತುಂಬಾ ಶಿಕ್ಷಕರು ಅದನ್ನು ಪಾಠವಾಗಿಯೇ ಕೇಳಿಸಿದರು. ಆಮೇಲೆ ಮಕ್ಕಳ ಕೈಯಲ್ಲೇ ಮಾಡಿಸುವುದು ಬಂತು. ಎನ್‌ಪಿಆರ್ ಎಂಬ ಸಾರ್ವಜನಿಕ ರೇಡಿಯೊ ಶಾಲಾ ಮಕ್ಕಳಿಗೆ ಪಾಡ್‌ಕಾಸ್ಟ್ ಸ್ಪರ್ಧೆ ಶುರು ಮಾಡಿತು. 2019ರಲ್ಲಿ ಮೊದಲ ಸಲ ಹೈಸ್ಕೂಲ್ ವಿಭಾಗದಲ್ಲಿ ಗೆದ್ದವರು ದೊಡ್ಡ ನಗರದವರಲ್ಲ, ಟೆನೆಸ್ಸಿಯ ಎಲಿಜಬೆತ್‌ಟನ್ ಎಂಬ ಸಣ್ಣ ಊರಿನ ಮಕ್ಕಳು. ಪಕ್ಕದ ಅರ್ವಿನ್ ಊರಿನಲ್ಲಿ 1916ರಲ್ಲಿ ಮೇರಿ ಎಂಬ ಸರ್ಕಸ್ ಆನೆಯನ್ನು ಗಲ್ಲಿಗೆ ಹಾಕಿದ್ದರು. ಆ ನೆನಪನ್ನು ಊರು ಈಗ ಹೇಗೆ ಹೊತ್ತುಕೊಂಡಿದೆ ಎನ್ನುವುದೇ ಅವರ ಪಾಡ್‌ಕಾಸ್ಟ್. ನಿಮ್ಮ ಹುಡುಗಿಯರು ಹಿಡಿದಿರುವ ದಾರಿಯೂ ಅದೇ ಅಲ್ವಾ?

ನನ್ನ ಕ್ಲಾಸಿನಲ್ಲಿ ಅರ್ಧ ಮಕ್ಕಳ ಮನೆಯಲ್ಲಿ ಸ್ಪ್ಯಾನಿಷ್, ಗುಜರಾತಿ, ಅರಬಿ. ಅಜ್ಜಿಯರ ಮಾತು ಬೇಡ ಅಂದರೆ ಅವರ ಹತ್ತಿರ ಹೇಳಲು ಕಥೆಯೇ ಇರುವುದಿಲ್ಲ. ಹಾಗಾಗಿ ಧಾರವಾಡದ ಸರ್ ಹೇಳಿದ ದಾರಿಯನ್ನೇ ನಾನೂ ಹಿಡಿದೆ.

ಮಾರ್ಕ್ಸ್ ಬಗ್ಗೆ: ಕೊನೆಯ ಆಡಿಯೋಗೆ ಅರ್ಧ ಮಾತ್ರ ಕೊಡಿ. ಉಳಿದ ಅರ್ಧ ಅವರು ಕೇಳಿದ ಪ್ರಶ್ನೆಗಳಿಗೆ, ಯಾವ 20 ಸೆಕೆಂಡ್ ಆರಿಸಿದರು, ಯಾಕೆ ಎಂದು ಬರೆದ ನಾಲ್ಕು ಸಾಲಿಗೆ, ಮೊದಲ ಅನುವಾದಕ್ಕೂ ಕೊನೆಯದಕ್ಕೂ ನಡುವೆ ಆದ ಬದಲಾವಣೆಗೆ. ಇವನ್ನು ಅಕ್ಕ ಬರೆದುಕೊಡಲು ಆಗುವುದಿಲ್ಲ.

ಮಾತಾಡದ ಹುಡುಗಿಯನ್ನು ಸದ್ದು ಹಿಡಿಯುವವಳು ಮಾಡಿ. ಹೆಡ್‌ಫೋನ್ ಅವಳಿಗೇ ಕೊಡಿ. ನನ್ನ ಒಬ್ಬ ಹುಡುಗ ಮೂರು ತಿಂಗಳು ಎಡಿಟಿಂಗ್ ಮಾತ್ರ ಮಾಡಿದ. ಆಮೇಲೆ ಒಂದು ದಿನ ಗೆಳೆಯ ತಪ್ಪಾಗಿ ಹೇಳಿದ ಸಾಲನ್ನು ಸರಿ ಮಾಡಲು ತಾನೇ ರೆಕಾರ್ಡ್ ಮಾಡಿ ಸೇರಿಸಿದ. ನಾನು ಏನೂ ಹೇಳಿರಲಿಲ್ಲ.

ಪ್ರಶ್ನೆ ಕೇಳಿದವರಿಂದ, ಮೂರು ವಾರದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ನಿಮಿಷಕ್ಕೆ ಇಳಿಸಿದೆ. ಹಳೆಯ ಐದು ಗುಂಪಿಗೂ ಮತ್ತೆ ಅವಕಾಶ ಕೊಟ್ಟೆ. ಅಜ್ಜಿಯ ಮಾತು ಉಳಿಯಿತು.

ಒಂದು ಪೀರಿಯಡ್ ಪೂರ್ತಿ 'ಘಾಟು' ಎಂಬ ಒಂದೇ ಪದಕ್ಕೆ ಹೋಯಿತು. ಸ್ಮೆಲ್ ಅಂದಳು ಒಬ್ಬಳು. ಅಲ್ಲ, ಸ್ಮೆಲ್ ಹೂವಿಗೂ ಇರುತ್ತದೆ. ಸ್ಮೋಕ್ ಅಂದಳು ಇನ್ನೊಬ್ಬಳು. ಹೊಗೆ ಎಲ್ಲಿದೆ? ಡಿಕ್ಷನರಿ ತೆಗೆದರು, ಜಗಳ ಆಡಿದರು, ಪಕ್ಕದ ಗುಂಪಿನವರೂ ಸೇರಿಕೊಂಡರು. ಕೊನೆಗೆ ಹೆಸರು ಹುಡುಕುವುದನ್ನು ಬಿಟ್ಟು ಅದು ಏನು ಮಾಡುತ್ತದೆ ಎಂದು ಹೇಳಿದರು: 'ಇಟ್ ಕ್ಯಾಚಸ್ ಮೈ ಥ್ರೋಟ್.' ಇದನ್ನು ಹೇಳಿದ್ದು ಮೈಕ್ ಮುಂದೆ ಬಾಯಿ ಬಿಡದ ಹುಡುಗಿ. ರೆಕಾರ್ಡಿಂಗಿನಲ್ಲಿ ಅವಳ ದನಿ ಇನ್ನೂ ಇಲ್ಲ. ಮಾರುಕಟ್ಟೆಯ ಒಂದು ನಿಮಿಷದ ಸದ್ದು ಮಾತ್ರ ಅವಳದೇ. ಹೆಡ್‌ಫೋನ್ ಹಾಕಿಕೊಂಡು ಚೀಲಗಳ ನಡುವೆ ನಿಂತಿದ್ದಳಂತೆ, ಯಾರು ಕರೆದರೂ ಓಗೊಡದೆ.

ಶನಿವಾರ ಪ್ರಾರ್ಥನೆಯಲ್ಲಿ ಹಾಕುವ ಮುಂಚೆ ಅಜ್ಜಿಗೆ ಕೇಳಿಸೋಣ ಎಂದು ನಾನೂ ಅವರ ಜೊತೆ ಹೋದೆ. ಊಟದ ಹೊತ್ತು. ಸುತ್ತ ಏಳೆಂಟು ಹೆಂಗಸರು ಕೂತರು. ಅಜ್ಜಿ ತನ್ನ ದನಿ ಕೇಳಿ ಸೆರಗು ಬಾಯಿಗೆ ಇಟ್ಟುಕೊಂಡರು. ಮೇಲೆ ಇಂಗ್ಲಿಷ್ ಬಂದ ಕೂಡಲೇ 'ಇಕಿ ಏನಂತಾಳ ಹೇಳ್ರಿ' ಎಂದರು. ಹುಡುಗಿಯರು ಒಂದೊಂದೇ ಸಾಲು ಕನ್ನಡಕ್ಕೆ ತಿರುಗಿಸಿ ಹೇಳಿದರು.

'ಮೂಗಿಗೆ ರೂಢಿ ಆಗೇತಿ' ಎಂಬುದಕ್ಕೆ ಅವರು 'ಮೈ ನೋಸ್ ಲೈಕ್ಸ್ ಇಟ್ ನೌ' ಎಂದು ಹಾಕಿದ್ದರು. ಕೇಳಲು ಚೆನ್ನಾಗಿತ್ತು, ನಾನೂ ತಿದ್ದಿರಲಿಲ್ಲ. ಅಜ್ಜಿ ಕೈ ಅಡ್ಡ ಆಡಿಸಿದರು. 'ಇಷ್ಟ ಆಗೇತಿ ಅಂದಿಲ್ಲವ್ವಾ ನಾ. ರೂಢಿ ಆಗೇತಿ ಅಂದೆ. ಅದು ಬ್ಯಾರೆ, ಇದು ಬ್ಯಾರೆ.'

'ಯೂಸ್ಡ್ ಟು' ಎಂಬುದನ್ನು ನಾನು ಜುಲೈನಲ್ಲಿ ಬೋರ್ಡಿನ ಮೇಲೆ ಹತ್ತು ಉದಾಹರಣೆ ಬರೆದು ಕಲಿಸಿದ್ದೆ. ದಾರಿಯಲ್ಲಿ ವಾಪಸ್ ಬರುವಾಗ ಅದರ ಸರಿಯಾದ ರೂಪ ಯಾವುದು ಎಂದು ಅವರೇ ಕೇಳಿದರು. ಪ್ರಾರ್ಥನೆಯಲ್ಲಿ ಹಾಕುವುದನ್ನು ಮುಂದಿನ ವಾರಕ್ಕೆ ದೂಡಿದ್ದೇವೆ. ಸೋಮವಾರ ಆ ಒಂದು ಸಾಲು ಮತ್ತೆ ರೆಕಾರ್ಡ್ ಆಗಬೇಕು. ಯಾರು ಹೇಳುತ್ತೀರಿ ಎಂದು ಕೇಳಿದ್ದೇನೆ, ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಹೆಡ್‌ಫೋನಿನ ಹುಡುಗಿ ಮಾತ್ರ ಆಟದ ಸಾಮಾನಿನ ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ವಿಚಾರಿಸಿದಳು.