ಕ್ಯಾಫ್ಸ್ ಪ್ಯಾನೆಲ್: ಹೋಸ್ ಯಾಕೆ ಒದೀತದೆ, ಗಾಳಿ ಯಾವಾಗ ಬಿಡಬೇಕು?

ಕೇಳಿದವರು: ಚಾಲಕ ತಂತ್ರಜ್ಞ, ಮಡಿಕೇರಿ ಕಡೆ

ಎಲ್ಲರಿಗೂ ನಮಸ್ಕಾರ. ಬರೀ ನೀರಿನ ಗಾಡಿ ಓಡಿಸಿ ಅಭ್ಯಾಸ. ಈಗ ಕಂಪ್ರೆಸ್ಡ್ ಏರ್ ಫೋಮ್ ಸಿಸ್ಟಮ್, ಅಂದರೆ ಫೋಮ್ ಬೆರೆತ ನೀರಿಗೆ ಒತ್ತಡದ ಗಾಳಿ ಸೇರಿಸಿ ನೊರೆ ಮಾಡೋ ಕ್ಯಾಫ್ಸ್ ಇರೋ ಗಾಡಿ ಕೈಗೆ ಬಂದಿದೆ. 4500 ಲೀಟರ್ ನೀರು, ಫೋಮ್ ಟ್ಯಾಂಕ್ ಬೇರೆ, ಪಿಟಿಒದಿಂದ (ಇಂಜಿನ್ ಶಕ್ತಿ ತೆಗೆದು ಕೊಡೋ ಜೋಡಣೆ) ತಿರುಗೋ ಸ್ಕ್ರೂ ಕಂಪ್ರೆಸರ್. ಡ್ರಿಲ್‌ನಲ್ಲಿ ಮೂರು ತೊಂದರೆ. ಗಾಳಿ ವಾಲ್ವ್ ತೆರೆದ ಕೂಡಲೇ ಹೋಸ್ ಒದೀತದೆ, ಬ್ರಾಂಚ್ (ಹೋಸಿನ ತುದಿಯ ನಳಿಕೆ) ಹಿಡಿದವರಿಗೆ ನಿಲ್ಲೋಕಾಗಲ್ಲ. ಗುಡ್ಡದ ಮೇಲಕ್ಕೆ ಲೈನ್ ಎಳೆದು, ಸ್ವಲ್ಪ ಹೊತ್ತು ಬ್ರಾಂಚ್ ಮುಚ್ಚಿ ತೆರೆದರೆ ಮೊದಲು ಬರೀ ಗಾಳಿ, ಆಮೇಲೆ ದಡಕ್ಕಂತ ನೀರು. ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಕಂಪ್ರೆಸರ್ ಬಿಸಿಯಾಗಿ ತಾನೇ ನಿಲ್ಲುತ್ತೆ. ಫೆಬ್ರವರಿ ಬಂದರೆ ಕಾಡ್ಗಿಚ್ಚಿನ ಕಾಲ, ಅಷ್ಟರೊಳಗೆ ಕೈ ಕೂರಬೇಕು. ತಿಳಿದವರು ದಯವಿಟ್ಟು ಹೇಳಿ.

ಹಿರಿಯ ಪಂಪ್ ಆಪರೇಟರ್, ಸೋಮವಾರಪೇಟೆ

ತಮ್ಮಾ, ಒದೆತಕ್ಕೆ ಮುಖ್ಯ ಕಾರಣ ಒಂದೇ: ಫೋಮ್ ಸೇರದ ನೀರಿಗೆ ಗಾಳಿ ಹೋಗಿದೆ. ಬರೀ ನೀರೂ ಗಾಳಿಯೂ ಹೋಸಿನೊಳಗೆ ಬೆರೆಯೋದಿಲ್ಲ. ಒಂದು ಗುಕ್ಕು ಗಾಳಿ, ಒಂದು ಗುಕ್ಕು ನೀರು ಅಂತ ಬೇರೆ ಬೇರೆಯಾಗಿ ಓಡುತ್ತವೆ. ಗಾಳಿ ಹೋಗುವಾಗ ಬ್ರಾಂಚ್ ಹಗುರಾಗುತ್ತೆ, ಹಿಂದಿಂದ ನೀರು ಬಂದು ಬಡಿಯುತ್ತೆ, ಹೋಸ್ ಪಟಪಟ ಅಂತ ಹೊಡಕೊಳ್ಳುತ್ತೆ. ಆ ಸದ್ದು ಕೇಳಿದ ಕ್ಷಣ ಬೇರೇನೂ ನೋಡಬೇಡ, ಗಾಳಿ ವಾಲ್ವ್ ಮುಚ್ಚು.

ಪಿಟಿಒ ಹಾಕೋದು ಐಡಲ್‌ನಲ್ಲೇ. ಕಂಪ್ರೆಸರ್ ಸ್ವಿಚ್ ಅನ್‌ಲೋಡ್‌ನಲ್ಲಿರಲಿ, ಅಂದರೆ ಗಾಳಿ ಕೊಡದೆ ಬರಿದೇ ತಿರುಗಲಿ. ಥ್ರಾಟಲ್ ಏರಿಸಿ ನೀರಿನ ಒತ್ತಡವನ್ನು 7 ಕೇಜಿಗೆ (ಚದರ ಸೆಂ.ಮೀ.ಗೆ ಇಷ್ಟು ಕೇಜಿ ಅಂತ) ತಂದು, ಫೋಮ್ ಪಂಪ್ ಆನ್ ಮಾಡಿ 0.5 ಶೇಕಡಾ ಇಡು. ಹೆಚ್ಚಿನವರು ತಪ್ಪೋದು ಇಲ್ಲಿಂದ ಮುಂದೆ. ಫೋಮ್ ಪಂಪ್ ತೂಗಿ ಬಿಡೋದು ಫ್ಲೋ ಮೀಟರ್ ಹೇಳಿದ ಹಾಗೆ. ನೀರು ಹರಿಯದಿದ್ದರೆ ಅದು ಒಂದು ಹನಿಯೂ ಬಿಡಲ್ಲ. ಬ್ರಾಂಚ್ ಮುಚ್ಚಿಟ್ಟುಕೊಂಡು ಲೈನ್ ತುಂಬಿಸಿದರೆ, ಲೈನ್ ತುಂಬಿತು ಅಂತ ಫ್ಲೋ ನಿಲ್ಲುತ್ತೆ, ಫೋಮ್ ಪಂಪೂ ನಿಲ್ಲುತ್ತೆ, ತುದಿಯಲ್ಲಿರೋದು ಮೊದಲು ಹೋದ ಬರೀ ನೀರೇ. ಆದ್ದರಿಂದ ಬ್ರಾಂಚ್ ತೆರೆಸು. 38 ಮಿ.ಮೀ. ಹೋಸಿನ 30 ಮೀಟರ್ ಉದ್ದದೊಳಗೆ ಹಿಡಿಯೋದು ಸುಮಾರು 34 ಲೀಟರ್. ನಿಮಿಷಕ್ಕೆ 200 ಲೀಟರ್ ಹರಿದರೆ ಒಂದು ಹೋಸಿಗೆ ಹತ್ತು ಸೆಕೆಂಡ್, ಎರಡಕ್ಕೆ ಇಪ್ಪತ್ತು. ಬ್ರಾಂಚಿನಲ್ಲಿ ಬರೋ ನೀರು ಸೋಪು ನೀರಿನ ಹಾಗೆ ಬೆಳ್ಳಗಾಗಿ, ನೆಲಕ್ಕೆ ಬಿದ್ದಲ್ಲಿ ಗುಳ್ಳೆ ನಿಂತರೆ ಮಾತ್ರ ಅನ್‌ಲೋಡ್‌ನಿಂದ ರನ್‌ಗೆ, ಮೋಡ್ ಆಟೋಗೆ. ಆಮೇಲೆ ಗಾಳಿ ವಾಲ್ವ್ ನಿಧಾನವಾಗಿ.

ಆಟೋದಲ್ಲಿ ಗಾಳಿಯ ಒತ್ತಡ ನೀರಿನ ಒತ್ತಡವನ್ನು ಹಿಂಬಾಲಿಸುತ್ತೆ. ಫಿಕ್ಸೆಡ್‌ನಲ್ಲಿಟ್ಟರೆ ಅದು ಮೊದಲೇ ಹೊಂದಿಸಿದ ಅಂಕಿಯಲ್ಲೇ ಕೂರುತ್ತೆ, ಥ್ರಾಟಲ್ ಇಳಿದರೂ ಗಾಳಿ ಇಳಿಯಲ್ಲ. ಎರಡು ಗೇಜೂ ಅಕ್ಕಪಕ್ಕ ನೋಡು, ಅರ್ಧ ಕೇಜಿಗಿಂತ ಹೆಚ್ಚು ಅಂತರ ಇರಬಾರದು. ನೀರು ಮೇಲಾದರೆ ಗಾಳಿ ಒಳಗೆ ಹೋಗಲ್ಲ. ಗಾಳಿ ಮೇಲಾದರೆ ನೀರನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತೆ, ಮತ್ತೆ ಅದೇ ಒದೆತ. ಗಾಳಿ ಸೇರಿದ ಮೇಲೆ ಫ್ಲೋ ಮೀಟರಿನ ಅಂಕಿ ಸ್ವಲ್ಪ ಇಳಿಯೋದು ಸಹಜ, ಅದಕ್ಕೆ ಹೆದರಿ ಥ್ರಾಟಲ್ ಏರಿಸಬೇಡ.

ನಿಲ್ಲಿಸುವಾಗ ಇದರ ಉಲ್ಟಾ. ಮೊದಲು ಗಾಳಿ ಮುಚ್ಚಿ ಅನ್‌ಲೋಡ್, ಆಮೇಲೆ ಫೋಮ್ ಆಫ್, ಕೊನೆಗೆ ತಿಳಿ ನೀರು ಬರೋ ತನಕ ತೊಳೆತ. ಕಂಪ್ರೆಸರ್ ಸಂಪಿನ (ಎಣ್ಣೆ ಟ್ಯಾಂಕಿನ) ಒತ್ತಡ ಪೂರ್ತಿ ಇಳಿಯೋ ಮುಂಚೆ ಮತ್ತೆ ಪಿಟಿಒ ಹಾಕಬೇಡ, ಡ್ರೈವ್ ಹಾಳಾಗುತ್ತೆ.

ಪ್ರಮುಖ ಅಗ್ನಿಶಾಮಕ, ಗೋಣಿಕೊಪ್ಪ ಕಡೆ

ಸರ್ ಹೇಳಿದ್ದಕ್ಕೆ ಲೆಕ್ಕ ಸೇರಿಸ್ತೀನಿ. 0.5 ಶೇಕಡಾ ಅಂದರೆ 200 ಲೀಟರ್ ಫ್ಲೋಗೆ ನಿಮಿಷಕ್ಕೆ 1 ಲೀಟರ್ ಕಾಂಪೌಂಡ್ (ಫೋಮ್ ದ್ರವ). 20 ಲೀಟರ್ ಕ್ಯಾನ್ ಇಪ್ಪತ್ತು ನಿಮಿಷಕ್ಕೆ ಖಾಲಿ. 4500 ಲೀಟರ್ ಟ್ಯಾಂಕ್ ಪೂರ್ತಿ ಬಿಟ್ಟರೆ 22.5 ಲೀಟರ್ ಬೇಕು, 0.3ಕ್ಕಾದರೆ 13.5 ಸಾಕು. ನನ್ನ ಅಭಿಪ್ರಾಯದಲ್ಲಿ ಹುಲ್ಲು, ತರಗೆಲೆ, ಲಂಟಾನಕ್ಕೆ 0.3 ಧಾರಾಳ. 0.5 ಮೇಲೆ ಹೋಗೋದು ಗೋಡೆಗೋ ಮರಕ್ಕೋ ನೊರೆ ಅಂಟಿಸಬೇಕಾದಾಗ. ಆದರೆ ಹೊಸ ಕೈ 0.5ರಲ್ಲೇ ಕಲಿಯಲಿ, ತಪ್ಪಿದರೂ ಒದೆಯೋದು ಕಡಿಮೆ.

ಗಾಳಿಯ ಲೆಕ್ಕ: 1 ಲೀಟರ್ ನೀರಿಗೆ ಸುಮಾರು ಏಳೂವರೆ ಲೀಟರ್ ಗಾಳಿ ಅಂದರೆ ನಡುವಿನ ನೊರೆ. ಬೆಂಕಿಗೆ ನೇರ ಹೊಡೆಯುವಾಗ ಅದರ ಅರ್ಧ ಸಾಕು. ಗಾಳಿ ಹೆಚ್ಚಿಸಿದಷ್ಟೂ ನೊರೆ ಒಣಗಿ ಶೇವಿಂಗ್ ಕ್ರೀಮ್ ಥರ ಆಗುತ್ತೆ. ನೋಡೋಕೆ ಚೆಂದ, ಆದರೆ ಅದರಲ್ಲಿ ನೀರು ಎಷ್ಟಿದೆ? ಉರಿಗೆ ತಂಪು ಕೊಡೋದು ನೀರು. ಅಂದಾಜಿಗೆ ಒಂದು ಕಾಫಿ ಗಿಡದ ಎಲೆ ಮೇಲೆ ಬೀಳಿಸಿ ನೋಡಿ: ಕೂಡಲೇ ಹರಿದು ತೊಟ್ಟಿಕ್ಕಿದರೆ ಒದ್ದೆ ನೊರೆ, ಎಲೆ ಬಾಗಿಸಿಕೊಂಡು ಕೂತು ತುದಿಯಿಂದ ನಿಧಾನಕ್ಕೆ ಹನಿ ಇಳಿದರೆ ನಡುವಿನದು, ಅಲ್ಲಾಡದೆ ನಿಂತು ಗಾಳಿಗೆ ಮುದ್ದೆಯಾಗಿ ಹಾರಿದರೆ ಒಣದು.

ಬ್ರಾಂಚ್ ಯಾವುದು ಹಾಕ್ತಿದ್ದೀರಿ? ಫಾಗ್ ನಾಝಲ್ (ನೀರು ಚದುರಿಸೋ ನಳಿಕೆ) ಹಾಕಿದರೆ ಗುಳ್ಳೆ ಅಲ್ಲೇ ಒಡೆದುಹೋಗುತ್ತೆ. ನೇರ ತೂತಿನ ಬ್ರಾಂಚ್ ಬೇಕು, ಸುಮಾರು 22ರಿಂದ 25 ಮಿ.ಮೀ. ಹೋಸ್ ಕನಿಷ್ಠ 30 ಮೀಟರಾದರೂ ಇರಲಿ, ಗುಳ್ಳೆ ಸಣ್ಣದಾಗಿ ಒಂದೇ ಸಮ ಆಗೋದು ಹೋಸಿನೊಳಗೆ ಉಜ್ಜಿಕೊಂಡು ಹೋಗುವಾಗಲೇ. ಇನ್ನೊಂದು, ನೊರೆ ತುಂಬಿದ ಹೋಸ್ ಹಗುರ, ಮೆತ್ತಗೆ. ತಿರುವಿನಲ್ಲಿ ಬೇಗ ಮಡಚಿಕೊಳ್ಳುತ್ತೆ. ಒಬ್ಬರು ಹೋಸ್ ಉದ್ದಕ್ಕೂ ನಡೆದು ಮಡಿಕೆ ಬಿಡಿಸಲೇಬೇಕು.

ಗಾಡಿ ರಿಪೇರಿ ಕಡೆಯವರು, ಕುಶಾಲನಗರ

ಕಂಪ್ರೆಸರ್ ಬಿಸಿಯಾಗೋದಕ್ಕೆ ಮೊದಲು ಕೂಲರಿನ ನೀರಿನ ಜಾಲರಿ ಬಿಚ್ಚಿ ನೋಡಿ. ಎಣ್ಣೆ ತಣಿಸೋದು ಅದೇ ಪಂಪಿನ ನೀರು. ತೋಟದ ಕೆರೆಯಿಂದಲೋ ತೋಡಿನಿಂದಲೋ ಸಕ್ಷನ್ ಹಾಕಿ ನೀರು ಎಳೆದಿದ್ದರೆ ಕೆಮ್ಮಣ್ಣಿನ ಕೆಸರು, ಕೊಳೆತ ಸಿಲ್ವರ್ ಓಕ್ ಎಲೆಯ ಚೂರು ಬಂದು ಕೂತಿರುತ್ತೆ. ಅದೇ ಕೆಸರು ಫ್ಲೋ ಮೀಟರಿನ ಪುಟ್ಟ ಚಕ್ರವನ್ನೂ ಹಿಡಿಯುತ್ತೆ. ಆಗ ಮೀಟರ್ ಕಡಿಮೆ ತೋರಿಸುತ್ತೆ, ಫೋಮ್ ಕಡಿಮೆ ಹೋಗುತ್ತೆ, ನಿಮ್ಮ ಮೊದಲನೇ ತೊಂದರೆಗೂ ಅದು ಕಾರಣ ಇರಬಹುದು. ಕೆಸರು ನೀರು ಎಳೆದ ದಿನವೇ ಎರಡನ್ನೂ ತೊಳೀಬೇಕು.

ಎರಡನೇದು: ಬ್ರಾಂಚ್ ಎಲ್ಲಾ ಮುಚ್ಚಿಕೊಂಡು ಪಂಪ್ ತಿರುಗ್ತಾ ಇದ್ದರೆ ಪಂಪಿನೊಳಗಿನ ನೀರೇ ಕಾಯುತ್ತೆ, ಕೂಲರಿಗೆ ಬಿಸಿನೀರು ಹೋಗುತ್ತೆ. ಟ್ಯಾಂಕಿಗೆ ಮರಳೋ ವಾಲ್ವ್ ಸ್ವಲ್ಪ ತೆರೆದಿಡಿ.

ಮೂರನೇದು ನಮ್ಮ ಜಿಲ್ಲೆಗೆ ಮುಖ್ಯ. ಎಣ್ಣೆ ಮಟ್ಟ ನೋಡೋ ಗಾಜನ್ನು ಇಳಿಜಾರಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತೆ. ಏರಿನಲ್ಲಿ ನಿಂತಾಗ ಕಡಿಮೆ ಅಂತ ಕಂಡು ಹೆಚ್ಚು ಸುರಿದರೆ ಎಣ್ಣೆ ಗಾಳಿ ಜೊತೆ ಹೋಸಿಗೆ ಹೋಗಿ ನೊರೆ ಕೆಡಿಸುತ್ತೆ. ಸಮತಟ್ಟು ನೆಲದಲ್ಲಿ, ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ನೋಡಿ. ಟ್ರಿಪ್ ಆಗೋ (ತಾನೇ ನಿಲ್ಲೋ) ಉಷ್ಣತೆ ಪ್ಯಾನೆಲ್ ಪ್ಲೇಟಿನ ಮೇಲೆ ಬರೆದಿರ್ತಾರೆ, ಸ್ಕ್ರೂ ಕಂಪ್ರೆಸರುಗಳಲ್ಲಿ ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಹತ್ತಿರ. ಟ್ರಿಪ್ ಆಯ್ತು ಅಂತ ಸೆನ್ಸರ್ ವೈರ್ ತೆಗೆಯೋದು ದೊಡ್ಡ ತಪ್ಪು.

ಮಳೆಗಾಲದಲ್ಲಿ ತದ್ವಿರುದ್ಧ ಸಮಸ್ಯೆ. ಎರಡೇ ನಿಮಿಷ ಓಡಿಸಿ ನಿಲ್ಲಿಸಿದರೆ ಥಂಡಿ ಗಾಳಿಯ ತೇವ ಎಣ್ಣೆಗೆ ಇಳಿದು ಮಜ್ಜಿಗೆ ಬಣ್ಣ ಬರುತ್ತೆ, ಬೇರಿಂಗ್ ತುಕ್ಕು ಹಿಡಿಯುತ್ತೆ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಲೋಡ್ ಕೊಟ್ಟು ಪೂರ್ತಿ ಬಿಸಿ ಮಾಡಿ.

ಕೇಳಿದವರು

ಜಾಲರಿ ತೆಗೆದೆ, ಅರ್ಧಕ್ಕಿಂತ ಹೆಚ್ಚು ಕಟ್ಟಿತ್ತು. ಧನ್ಯವಾದ ಸರ್. ಗುಡ್ಡದ ಲೈನಿನ ವಿಷಯ ಯಾರಾದರೂ ಹೇಳಿ.

ಅಗ್ನಿಶಾಮಕ, ವಿರಾಜಪೇಟೆ ಕಡೆ

ಅಣ್ಣ, ನೊರೆ ಹೋಸಿನೊಳಗೆ ಸುಮ್ಮನೆ ನಿಂತರೆ ಒಡೆಯುತ್ತೆ. ಸಮ ನೆಲದಲ್ಲಾದರೆ ಅಷ್ಟು ಗೊತ್ತಾಗಲ್ಲ. ಕಡಿದಾದ ಏರಿನಲ್ಲಿ ನೀರು ಕೆಳಗಿಳಿದು ಗಾಡಿ ಹತ್ತಿರ ಸೇರುತ್ತೆ, ಗಾಳಿ ಮೇಲೇರಿ ಬ್ರಾಂಚ್ ಹಿಂದೆ ಒತ್ತಡದಲ್ಲಿ ಕೂತಿರುತ್ತೆ. ಪೂರ್ತಿ ತೆರೆದರೆ ನೀವು ಹೇಳಿದ್ದೇ ಆಗೋದು. ಕೆಲವು ನಿಮಿಷಕ್ಕಿಂತ ಹೆಚ್ಚು ಮುಚ್ಚಿಡೋದಿದ್ದರೆ ಮೇಲಿನವರು ವಾಕಿಯಲ್ಲಿ ಹೇಳಬೇಕು, ಕೆಳಗೆ ಗಾಳಿ ವಾಲ್ವ್ ಮುಚ್ಚಬೇಕು. ಮತ್ತೆ ತೆರೆಯುವಾಗ ಕಾಲು ಊರಿ, ಬ್ರಾಂಚ್ ಕಂಕುಳಲ್ಲಿ ಒತ್ತಿ ಹಿಡಿದು, ಕಾಲು ಭಾಗ ಮಾತ್ರ ತೆರೆದು ಗಾಳಿ ಸುಯ್ಯಂತ ಹೋಗಿ ನೊರೆ ಬರೋ ತನಕ ಕಾಯಿರಿ. ಬ್ರಾಂಚ್ ಮುಂದೆ ಯಾರೂ ನಿಂತಿರಬಾರದು.

ಲಾಭವೂ ಇದೆ. ಬರೀ ನೀರಿಗೆ 10 ಮೀಟರ್ ಏರಿಗೆ 1 ಕೇಜಿ ಹೋಗುತ್ತೆ. ಹರಿಯೋ ನೊರೆ ಹಗುರ, ಅಷ್ಟು ನಷ್ಟ ಇಲ್ಲ. ಲಾರಿ ಹೋಗದ ತೋಟದ ದಾರಿಯಲ್ಲಿ ಹೋಸ್ ಹೊತ್ತು ಏರೋರಿಗೆ ಇದೇ ದೊಡ್ಡ ಉಪಕಾರ. ಆದರೆ ಸಕ್ಷನ್ ವಿಷಯದಲ್ಲಿ ಎಚ್ಚರ: ಮಡಿಕೇರಿ ಎತ್ತರ 1,150 ಮೀಟರ್ ಸುಮಾರು, ಗಾಳಿಯ ಒತ್ತಡ ಕಡಿಮೆ, ಸಮುದ್ರ ಮಟ್ಟಕ್ಕಿಂತ ಎಳೆಯೋ ಆಳ ಒಂದು ಮೀಟರಿಗಿಂತ ಹೆಚ್ಚು ಕಡಿಮೆಯಾಗುತ್ತೆ. ಕೆರೆಗೆ ಆದಷ್ಟು ಹತ್ತಿರ ನಿಲ್ಲಿಸಿ.

ಪ್ರಮುಖ ಅಗ್ನಿಶಾಮಕ, ಗೋಣಿಕೊಪ್ಪ ಕಡೆ

ಕಾಫಿ ಹೊಟ್ಟಿನ ರಾಶಿಗೆ ಬೆಂಕಿ ಬಿದ್ದರೆ ಗಾಳಿ ಬಿಡಲೇಬೇಡಿ. ಒಣ ನೊರೆ ರಾಶಿ ಮೇಲೆ ಹೊದಿಕೆ ಹೊದ್ದು ಕೂರುತ್ತೆ, ಒಳಗೆ ಕೆಂಡ ಹಾಗೇ ಇರುತ್ತೆ. ಫೋಮ್ ಬೆರೆತ ನೀರು ಮಾತ್ರ, 0.5ರಿಂದ 1 ಶೇಕಡಾ, ಜೆಸಿಬಿಯಿಂದ ಬಗೆಸಿಕೊಂಡು ಪದರ ಪದರವಾಗಿ. ಪೆಟ್ರೋಲ್ ಬೆಂಕಿಗೆ ಈ ಎ ದರ್ಜೆ (ಕಟ್ಟಿಗೆ, ಹುಲ್ಲಿನ ಬೆಂಕಿಯ) ಕಾಂಪೌಂಡ್ ಅಲ್ಲ, ಅದಕ್ಕೆ ಬಿ ದರ್ಜೆ ಬೇಕು. ಈಗ ಪೆಟ್ರೋಲಿನಲ್ಲಿ ಎಥನಾಲ್ ಇರೋದರಿಂದ ಆಲ್ಕೋಹಾಲ್ ತಡೆಯೋ ಜಾತಿಯದೇ ಬೇಕು. ಎರಡು ಕಾಂಪೌಂಡ್ ಒಂದೇ ಟ್ಯಾಂಕಿಗೆ ಸುರಿದರೆ ಅಂಟಾಗಿ ಗಟ್ಟಿಯಾಗಿ ಫೋಮ್ ಪಂಪ್ ಕಟ್ಟಿಕೊಳ್ಳುತ್ತೆ. ತೋಟದ ಮೇಲೆ ಹಾದ ವಿದ್ಯುತ್ ತಂತಿ ಇದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ನವರು ಕರೆಂಟ್ ತೆಗೆದಿದ್ದು ಖಚಿತ ಆಗೋವರೆಗೆ ನೊರೆಯೂ ಬೇಡ, ನೀರೂ ಬೇಡ.

ಹಿರಿಯ ಪಂಪ್ ಆಪರೇಟರ್, ಸೋಮವಾರಪೇಟೆ

ಒಂದು ಮಾತು ಬಿಟ್ಟುಹೋಗಿತ್ತು ತಮ್ಮಾ. ಕಾಂಪೌಂಡ್ ಮೀನಿನ ಕಿವಿರಿಗೆ ಕೆಟ್ಟದ್ದು. ಹೊಳೆ, ತೋಡು, ಕೆರೆಯಿಂದ ನೂರು ಮೀಟರಿನೊಳಗೆ ನೊರೆ ಬೇಡ, ಅಲ್ಲಿ ಬರೀ ನೀರು. ತೊಳೆದ ನೀರನ್ನೂ ತೋಡಿಗೆ ಬಿಡಬೇಡ. ಟ್ಯಾಂಕಿಗೆ ಮರಳೋ ವಾಲ್ವ್ ಫೋಮ್ ಸೇರೋ ಜಾಗಕ್ಕಿಂತ ಹಿಂದೆ ಇದೆಯಾ ಅಂತ ಪೈಪ್ ಹಿಡಿದು ನೋಡಿಕೋ. ಮುಂದೆ ಇದ್ದರೆ ನೊರೆ ಟ್ಯಾಂಕಿಗೆ ಬಂದು ಪಂಪ್ ಪ್ರೈಮ್ ಬಿಡುತ್ತೆ, ಅಂದರೆ ನೀರು ಎಳೆಯೋದು ನಿಲ್ಲಿಸುತ್ತೆ. ಫೋಮ್ ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ, ಗಾಡಿ ಓರೆಯಾಗಿ ನಿಂತಿದ್ದರೆ, ಗೇಜ್ ಇನ್ನೂ ಫೋಮ್ ಇದೆ ಅಂತ ತೋರಿಸಿದರೂ ಪಂಪ್ ಗಾಳಿ ಎಳೆಯುತ್ತೆ. ಅಷ್ಟರೊಳಗೆ ಮುಂದಿನ ಕ್ಯಾನ್ ಮುಚ್ಚಳ ತೆರೆದು ಪಕ್ಕದಲ್ಲಿರಲಿ.