ಮನೆ ವೈರಿಂಗ್ ಬಿಟ್ಟು ಕಲ್ಯಾಣ ಮಂಟಪದ ಎಸಿ ಗುತ್ತಿಗೆಗೆ ಇಳಿಯಬಹುದೇ? ಅನುಭವ ಇದ್ದವರು ತಿಳಿಸಿ

ಜಮಖಂಡಿ ವೈರ್‌ಮನ್:
ಎಲ್ಲರಿಗೂ ನಮಸ್ಕಾರ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ, ಪರ್ಮಿಟ್ ಪಡೆದು, ಮನೆ ವೈರಿಂಗ್ ಮತ್ತು ಕೊಳವೆಬಾವಿ ಸ್ಟಾರ್ಟರ್ ರಿಪೇರಿ ಮಾಡಿಕೊಂಡಿದ್ದೇನೆ. ಊರ ಹೊರಗೆ ಕಲ್ಯಾಣ ಮಂಟಪ ಕಟ್ಟಿಸುತ್ತಿರುವ ಸಾಹುಕಾರರೊಬ್ಬರು 11 ಟನ್ನಿನ ನಾಲ್ಕು ಡಕ್ಟೆಬಲ್ ಎಸಿ (ತಗಡಿನ ಡಕ್ಟಿನ ಮೂಲಕ ತಣ್ಣನೆ ಗಾಳಿ ಹಾಯಿಸುವಂಥವು) ಕೂರಿಸುವುದು, ಪ್ಯಾನೆಲ್, ಕೇಬಲ್ ಎಲ್ಲವನ್ನೂ ನನಗೇ ಕೊಡುತ್ತೇನೆ ಎನ್ನುತ್ತಾರೆ. ಯಂತ್ರ ಅವರದು, ಉಳಿದದ್ದು ನನ್ನದು. ಮುಂಗಡ ಶೇ 10. ಕೈಯಲ್ಲಿ ಮೂರೂವರೆ ಲಕ್ಷವಿದೆ. ಎಸಿ ಕೆಲಸ ಬಲ್ಲ ಗೆಳೆಯನೊಬ್ಬ ಪಾಲಿಗೆ ಬರುತ್ತಾನೆ. ಇಳಿಯಲೇ, ಬೇಡವೇ?

ನವನಗರ ಗುತ್ತಿಗೆದಾರ:
ಶೇ 10 ಮುಂಗಡ ಎಂದು ಓದಿದ ಕೂಡಲೇ ಹೊಟ್ಟೆ ಉರಿಯಿತು. ನನ್ನದೂ ಕಲ್ಯಾಣ ಮಂಟಪವೇ, ಬಾಗಲಕೋಟೆ ಸುತ್ತಲಿನದು, ಹೆಸರು ಬೇಡ. 9.40 ಲಕ್ಷದ ಕೆಲಸ. ಕೇಬಲ್ 2.65 ಲಕ್ಷ, ಪ್ಯಾನೆಲ್ 1.48 ಲಕ್ಷ, ತಾಮ್ರದ ಕೊಳವೆ ಮತ್ತು ಇನ್ಸುಲೇಷನ್ 1.90 ಲಕ್ಷ. ಡಕ್ಟಿನ ತಗಡು ಕೊಲ್ಹಾಪುರದಿಂದ ಬಂತು, ಅದರ ಲಾರಿ ಬಾಡಿಗೆ 11,500ನ್ನು ಸಾಹುಕಾರರು ಇಂದಿಗೂ ಒಪ್ಪಿಲ್ಲ. ದರ ಬರೆದುಕೊಟ್ಟ ದಿನಕ್ಕೂ ಕೊಳವೆ ಕೊಂಡ ದಿನಕ್ಕೂ ನಡುವೆ ತಾಮ್ರ ಏರಿ 22 ಸಾವಿರ ಕೈಬಿಟ್ಟು ಹೋಯಿತು. ಅಕ್ಷಯ ತೃತೀಯದೊಳಗೆ ಎಸಿ ಓಡಲೇಬೇಕು ಎಂದು ಹಗಲುರಾತ್ರಿ ದುಡಿಸಿಕೊಂಡರು. ಹುಡುಗರಿಗೆ ಡಬಲ್ ಪಗಾರ ಕೊಟ್ಟೆ. ಓಡಿತು, ಚೆನ್ನಾಗಿಯೇ ಓಡಿತು.

ಮೊದಲ ದೊಡ್ಡ ಮದುವೆಯಲ್ಲಿ ಅಲಂಕಾರದವರು ನಮ್ಮ ಪ್ಯಾನೆಲಿನ ಬಾಗಿಲು ತೆಗೆದು ತಮ್ಮ ದೀಪಗಳನ್ನೆಲ್ಲ ಒಂದೇ ಫೇಸಿಗೆ ಕೊಟ್ಟರು. ನ್ಯೂಟ್ರಲ್ ಲಿಂಕಿನ (ಮೂರೂ ಫೇಸಿನ ಕರೆಂಟ್ ಮರಳುವ ಪಟ್ಟಿಯ) ಬೋಲ್ಟ್ ಸಡಿಲಿಸಿ, ಅದಕ್ಕೆ ತಂತಿ ಸುತ್ತಿ, ಬಿಗಿ ಮಾಡದೆ ಹೋದರು. ಊಟದ ಪಂಕ್ತಿ ಕುಳಿತ ಹೊತ್ತಿಗೆ ನ್ಯೂಟ್ರಲ್ ಸುಟ್ಟುಹೋಯಿತು. ಆಮೇಲೆ ಏನಾಗುತ್ತದೆ ಎಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. 230 ಇರಬೇಕಾದ ಕಡೆ 400ರ ಸಮೀಪ ಹೋಗಿ ಮೂರು ಯಂತ್ರಗಳ ಕಂಟ್ರೋಲ್ ಬೋರ್ಡ್ ಹೋದವು, ಒಂದಕ್ಕೆ 14,800. ಆ ಬೋಲ್ಟನ್ನು ತೆಗೆದಿಟ್ಟಿದ್ದೇನೆ. ತಲೆ ಅರ್ಧ ಕರಗಿ ವಾಷರ್‌ಗೆ ಬೆಸೆದುಕೊಂಡಿದೆ, ಅಡಿಯಲ್ಲಿ ಅಲಂಕಾರದವರ ತೆಳು ತಂತಿಯ ಎಳೆಗಳು ಇನ್ನೂ ಅಂಟಿಕೊಂಡಿವೆ. ಸಾಹುಕಾರರಿಗೆ ತೋರಿಸಿದೆ. ‘ಪ್ಯಾನೆಲ್ ನಿಮ್ಮದಲ್ಲವೇ?’ ಎಂದರು. ಬಾಕಿ 2.10 ಲಕ್ಷ ಅಲ್ಲಿಗೇ ನಿಂತಿತು.

ಉದ್ಯಮಬಾಗ ಎಸಿ ಸರ್ವಿಸ್:
ಹೊಸದಾಗಿ ಕೂರಿಸುವ ಕೆಲಸದಲ್ಲಿ ಹಣ ಹುಡುಕಬೇಡಿ, ಅದು ವಾರ್ಷಿಕ ನಿರ್ವಹಣೆಯಲ್ಲಿದೆ. ನಾನು ಬೆಳಗಾವಿಯಲ್ಲಿ ಫೌಂಡ್ರಿಗಳ (ಎರಕದ ಕಾರ್ಖಾನೆಗಳ) ಪ್ಯಾನೆಲ್ ರೂಮು, ಸಿಎನ್‌ಸಿ ಅಳತೆ ಕೋಣೆಗಳನ್ನು ಹಿಡಿದುಕೊಂಡೇ ನಿಂತವನು. ಮೂರು ತಿಂಗಳಿಗೊಮ್ಮೆ ಬಿಲ್, ಬ್ಯಾಂಕ್ ಖಾತೆಗೇ ಜಮಾ. ಫೌಂಡ್ರಿಯಲ್ಲಿ ಮರಳಿನ ಧೂಳು ಕಾಯಿಲ್ ತುಂಬುವುದರಿಂದ ನಮ್ಮನ್ನು ಬಿಟ್ಟರೆ ಅವರಿಗೂ ಗತಿಯಿಲ್ಲ.

ಆದರೆ ಸಾಮಾನಿಲ್ಲದೆ ಇಳಿಯಬಾರದು. ವ್ಯಾಕ್ಯೂಮ್ ಪಂಪ್ 16,500, ಡಿಜಿಟಲ್ ಮ್ಯಾನಿಫೋಲ್ಡ್ 21,000, ಮೈಕ್ರಾನ್ ಗೇಜ್ 9,000, ಗ್ಯಾಸ್ ರಿಕವರಿ ಯಂತ್ರ 38,000, ತೂಕದ ಯಂತ್ರ 6,500. ಒಟ್ಟು 91 ಸಾವಿರ, ನೈಟ್ರೋಜನ್ ಸಿಲಿಂಡರಿನ ಠೇವಣಿ ಬೇರೆ. ಆರ್-410ಎ ಗ್ಯಾಸಿನ ಒತ್ತಡ ಹಳೆಯ ಯಂತ್ರಗಳ ಆರ್-22ಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು, ಹಳೆಯ ಗೇಜು ಹಳೆಯ ಹೋಸು ನಡೆಯುವುದಿಲ್ಲ. ಆರ್-32 ಗ್ಯಾಸಿಗೆ ಬೆಂಕಿ ತಗಲುವ ಗುಣವಿದೆ. ಕೈಯಂದಾಜಿನಲ್ಲಿ ಗ್ಯಾಸ್ ತುಂಬುವ ಕಾಲ ಹೋಯಿತು.

ಬಟ್ಟೆ ಅಂಗಡಿಯೊಂದರ ಎಂಟೂವರೆ ಟನ್ನಿನ ಯಂತ್ರದ ಕಥೆ ಕೇಳಿ. ಕಂಪ್ರೆಸರ್ ಸುಟ್ಟಿತ್ತು. ಎಲೆಕ್ಟ್ರಿಷಿಯನ್ ಒಬ್ಬ 52 ಸಾವಿರದ ಹೊಸದನ್ನು ಹಾಕಿದ. ಸುಟ್ಟ ಎಣ್ಣೆಯ ಆಮ್ಲ ಕೊಳವೆಯಲ್ಲೇ ಉಳಿಯಿತು, ಫ್ಲಶ್ ಮಾಡಲಿಲ್ಲ, 1,800 ರೂಪಾಯಿಯ ಡ್ರೈಯರ್ (ತೇವ, ಕೊಳೆ ಹಿಡಿಯುವ ಫಿಲ್ಟರ್) ಕೂಡ ಬದಲಿಸಲಿಲ್ಲ. ಅದೇ ಬೇಸಿಗೆಯಲ್ಲಿ ಹೊಸ ಕಂಪ್ರೆಸರ್ ಸುಟ್ಟಿತು. ಅನಂತರ ನನ್ನನ್ನು ಕರೆದರು. ಆದ್ದರಿಂದ ಹೇಳುತ್ತೇನೆ, ಎಲೆಕ್ಟ್ರಿಷಿಯನ್ನರು ಎಸಿಗೆ ಕೈಹಾಕಬಾರದು.

ನವನಗರ ಗುತ್ತಿಗೆದಾರ:
ಉದ್ಯಮಬಾಗದವರೇ, ನಾಲಿಗೆ ಹಿಡಿತದಲ್ಲಿರಲಿ. ಕೇಬಲ್ ಬದಲಿಸಿದ ಮೇಲೆ ಸ್ಕ್ರಾಲ್ ಕಂಪ್ರೆಸರ್ ಉಲ್ಟಾ ತಿರುಗಿ ಗರಗರ ಸದ್ದು ಮಾಡುತ್ತಿದ್ದರೆ ‘ಗ್ಯಾಸ್ ಕಡಿಮೆಯಾಗಿದೆ’ ಎಂದು 18 ಸಾವಿರದ ಬಿಲ್ ಹರಿದ ಎಸಿಯವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಎರಡು ಫೇಸ್ ಅದಲುಬದಲು ಮಾಡಿದರೆ ಮುಗಿಯುತ್ತಿತ್ತು. ಅದನ್ನು ಮಾಡಿದ್ದು ನನ್ನ ಕೈಕೆಳಗಿನ ಹುಡುಗ, ಎಲೆಕ್ಟ್ರಿಷಿಯನ್.

ಉದ್ಯಮಬಾಗ ಎಸಿ ಸರ್ವಿಸ್:
ಗ್ಯಾಸ್ ಕಡಿಮೆ ಎಂದು ಬಿಲ್ ಹರಿದವನು ಎಸಿಯವನೇ ಅಲ್ಲ. ಫೇಸಿನ ಕ್ರಮ ತಪ್ಪಿದರೆ ಯಂತ್ರ ಓಡದಂತೆ ತಡೆಯುವ ಫೇಸ್ ಸೀಕ್ವೆನ್ಸ್ ರಿಲೇ ಹಾಕದ ಪ್ಯಾನೆಲ್ ಕಟ್ಟಿದವರು ಯಾರು ಎಂದೂ ಹೇಳಿ.

ನವನಗರ ಗುತ್ತಿಗೆದಾರ:
ರಿಲೇ ಬೇಡ, ಖರ್ಚು ಉಳಿಸಿ ಎಂದವರು ಮಾಲಕರು. ಬರೆದು ಕೊಟ್ಟಿದ್ದಾರೆ, ಕಾಗದ ನನ್ನ ಬಳಿ ಇದೆ.

ತಿಕೋಟಾ ಪ್ಲಾಂಟ್ ಆಪರೇಟರ್:
ನಾನು ವಿಜಯಪುರದಲ್ಲಿ ಎಸಿ ರಿಪೇರಿ ಅಂಗಡಿ ಮುಚ್ಚಿ ಕೋಲ್ಡ್ ಸ್ಟೋರೇಜ್ ಸೇರಿದವನು. ಅಂಗಡಿ ಎಂದರೆ ನಾಲ್ಕು ತಿಂಗಳ ಬಾಳು. ಮಾರ್ಚಿಯಿಂದ ಜೂನ್‌ವರೆಗೆ ಊಟಕ್ಕೂ ಪುರಸತ್ತಿಲ್ಲ, ಮಳೆ ಬಿದ್ದ ಮೇಲೆ ಫೋನೇ ಇಲ್ಲ. ಹುಡುಗರಿಗೆ ಮಾತ್ರ ಹನ್ನೆರಡು ತಿಂಗಳೂ ಪಗಾರ ಕೊಡಬೇಕು. ಊರೆಲ್ಲ ಉದ್ರಿ. 43 ಸಾವಿರ ಬಾಕಿ ಬಿಟ್ಟೇ ಬಾಗಿಲು ಹಾಕಿದೆ.

ಈಗ ತಿಂಗಳಿಗೆ 27 ಸಾವಿರ, ಇರಲು ಕೋಣೆ. ನಮ್ಮಲ್ಲಿ ಅಮೋನಿಯಾ ಪ್ಲಾಂಟ್. ಒಣದ್ರಾಕ್ಷಿ ಶೆಡ್ಡುಗಳಿಂದ ಮಾಲು ಬರುವುದೂ ಬಿಸಿಲು 40 ದಾಟುವುದೂ ಒಂದೇ ಹೊತ್ತಿಗೆ. ಒಳಗೆ 4 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡಬೇಕು, ಇಲ್ಲದಿದ್ದರೆ ಬಣ್ಣ ಕಪ್ಪಿಡುತ್ತದೆ, ರೈತನ ದರ ಬೀಳುತ್ತದೆ. ದೊಡ್ಡ ಶತ್ರು ಕೊಳವೆಬಾವಿಯ ಗಡಸು ನೀರು. ಕಂಡೆನ್ಸರ್ ಕೊಳವೆಯ ಮೇಲೆ ಸುಣ್ಣದಂತಹ ಪೊರೆ ಕಟ್ಟಿ ಶಾಖ ಹೊರಹೋಗುವುದೇ ಇಲ್ಲ. ಹೆಡ್ ಪ್ರೆಶರ್ (ಕಂಪ್ರೆಸರ್ ಹೊರಹಾಕುವ ಗ್ಯಾಸಿನ ಒತ್ತಡ) ಏರುತ್ತದೆ, ಕರೆಂಟ್ ಬಿಲ್ ಏರುತ್ತದೆ. ಹಂಗಾಮಿಗೆ ಮುಂಚೆ ಆ ಪೊರೆಯನ್ನು ತೆಗೆಸಲೇಬೇಕು ಎಂದು ಹಟ ಹಿಡಿದು ಮಾಲಕರಿಂದ 60 ಸಾವಿರ ಖರ್ಚು ಮಾಡಿಸಿದೆ. ಮೊದಲು ಬೈದರು. ಮೇ ತಿಂಗಳ ಬಿಲ್ ನೋಡಿದ ಮೇಲೆ ಸುಮ್ಮನಾದರು. ಇದು ನನ್ನ ಕೆಲಸ ಎಂದು ಎದೆ ತಟ್ಟಿ ಹೇಳುತ್ತೇನೆ. ಗುತ್ತಿಗೆ ಬೇಡ, ಪ್ಲಾಂಟ್ ಕೆಲಸ ಕಲಿಯಿರಿ.

ಬನಹಟ್ಟಿ ಎಲೆಕ್ಟ್ರಿಕಲ್ಸ್:
27 ಸಾವಿರಕ್ಕೆ ಅಮೋನಿಯಾ ಪಕ್ಕದಲ್ಲಿ ಮಲಗುವುದಕ್ಕಿಂತ ಸ್ವಂತ ಕೆಲಸವೇ ಮೇಲು. ನಾನು ಮಗ್ಗದ ಮೋಟಾರುಗಳಿಂದ ಎಸಿಗೆ ಬಂದವನು. ನಮ್ಮೂರಿನಲ್ಲಿ ಮಗ್ಗದ ಹತ್ತಿ ಧೂಳು ಹೊರಗಿನ ಯೂನಿಟ್ಟಿಗೆ ಕಂಬಳಿಯಂತೆ ಹೊದೆಯುತ್ತದೆ. ಯಂತ್ರ ಹೈ ಪ್ರೆಶರ್‌ನಲ್ಲಿ ನಿಂತರೆ ಸ್ಕ್ರೂಡ್ರೈವರ್‌ಗೆ ಮೊದಲು ಬ್ರಷ್ ಹಿಡಿಯುತ್ತೇನೆ. ಕಟ್ಟಡದ ಅಂದ ಕೆಡುತ್ತದೆ ಎಂದು ಯೂನಿಟ್ಟುಗಳನ್ನು ಜಾಲರಿಯ ಹಿಂದೆ ಒತ್ತೊತ್ತಾಗಿ ಮುಚ್ಚಿಡುವ ಎಂಜಿನಿಯರುಗಳಿಗೆ ಇದು ಅರ್ಥವಾಗುವುದಿಲ್ಲ. ಬಿಟ್ಟ ಬಿಸಿಗಾಳಿಯನ್ನೇ ಯಂತ್ರ ಮತ್ತೆ ಎಳೆದುಕೊಳ್ಳುತ್ತದೆ.

ಇನ್ನೊಂದು ವಿಷಯ, ಎರೆಮಣ್ಣು. ಮಳೆಗಾಲದಲ್ಲಿ ಅಳೆದರೆ ಅರ್ಥಿಂಗ್ 2 ಓಮ್ (ಕಡಿಮೆ ಇದ್ದಷ್ಟೂ ಒಳ್ಳೆಯದು). ಏಪ್ರಿಲ್‌ನಲ್ಲಿ ನೆಲ ಬಾಯಿಬಿಟ್ಟು ಅರ್ಥಿಂಗ್ ಕೊಳವೆಗೂ ಮಣ್ಣಿಗೂ ಸಂದಾಗುತ್ತದೆ, ಅದೇ ಅರ್ಥಿಂಗ್ 9 ಓಮ್ ತೋರಿಸಿದ್ದನ್ನು ನೋಡಿದ್ದೇನೆ. ಎಸಿ ಹೆಚ್ಚು ಓಡುವುದೂ ಏಪ್ರಿಲ್‌ನಲ್ಲೇ. ಮೂರು ಫೇಸ್ ಯಂತ್ರದ ಮೈಗೆ ಎರಡು ಬೇರೆ ಬೇರೆ ಅರ್ಥಿಂಗ್ ಕೊಡಬೇಕು, ಬೇಸಿಗೆಯಲ್ಲಿ ನೀರು ಹಾಕಿಸಬೇಕು.

ಇನ್ನು ನವನಗರದವರ ಬಾಕಿ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇದ್ದರೆ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ 45 ದಿನದೊಳಗೆ ಹಣ ಕೊಡಲೇಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನ್ಯಾಯ ಕೇಳದೆ ಅಳುತ್ತ ಕುಳಿತರೆ ಯಾರು ಕೊಡುತ್ತಾರೆ?

ನವನಗರ ಗುತ್ತಿಗೆದಾರ:
ಅಳುತ್ತ ಕುಳಿತಿದ್ದೇನೆಯೇ? ಬನಹಟ್ಟಿಯವರೇ, ನಿಮಗೆ ಎರಡು ಲಕ್ಷ ಬಾಕಿ ಉಳಿಸಿಕೊಂಡವರು ಇದ್ದಾರೆಯೇ? ಆ ಸಾಹುಕಾರರು ಅರ್ಧ ಹಣಕ್ಕೆ ಬಿಲ್ಲೇ ಬೇಡ, ಜಿಎಸ್‌ಟಿ ಶೇ 18 ಯಾರು ಕಟ್ಟುತ್ತಾರೆ ಎಂದರು. ಬಿಲ್ ಇಲ್ಲದ ಹಣವನ್ನು ಯಾವ ಕಾಯ್ದೆ ಕೊಡಿಸುತ್ತದೆ? ನೋಂದಣಿ ಕೆಲಸಕ್ಕೆ ಮುಂಚೆಯೇ ಇರಬೇಕು ಎಂದು ವಕೀಲರು ಹೇಳಿದರು. ಕಟ್ಟಡದ ಗುತ್ತಿಗೆ ಈ ಕಾಯ್ದೆಗೆ ಬರುತ್ತದೋ ಇಲ್ಲವೋ ಎಂಬುದರ ಮೇಲೂ ಎದುರಿನವರು ವಾದ ಹೂಡುತ್ತಾರಂತೆ. ಕೇಸಿನ ಖರ್ಚು ಕೊಟ್ಟು, ಮತ್ತೆ ಅದೇ ಊರಿನಲ್ಲಿ ಕೆಲಸ ಕೇಳಬೇಕು.

ಬನಹಟ್ಟಿ ಎಲೆಕ್ಟ್ರಿಕಲ್ಸ್:
ನನಗೆ ನೇಕಾರ ಕಾರ್ಖಾನೆಯೊಂದರಿಂದ 74 ಸಾವಿರ ಬರಬೇಕಿತ್ತು. 2024ರ ಏಪ್ರಿಲ್‌ನಿಂದ ಸಣ್ಣ ಉದ್ಯಮಗಳ ಬಾಕಿ ಗಡುವಿನೊಳಗೆ ಕೊಡದಿದ್ದರೆ, ಕೊಡುವವರೆಗೂ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ. ಅವರ ಲೆಕ್ಕಪರಿಶೋಧಕರೇ ಮಾರ್ಚ್ ಕೊನೆಗೆ ಫೋನ್ ಮಾಡಿ ಪಾವತಿ ಮಾಡಿಸಿದರು. ಪೂರ್ತಿ ಬಿಲ್ ಹಾಕಿದ್ದರಿಂದಲೇ ಬಂತು. ಅರ್ಧ ಬಿಲ್ಲಿಗೆ ಒಪ್ಪುವವರು ಇರುವುದರಿಂದಲೇ ಸಾಹುಕಾರರು ಕೇಳುತ್ತಾರೆ.

ನವನಗರ ಗುತ್ತಿಗೆದಾರ:
ಒಪ್ಪದಿದ್ದರೆ ಪರವಾನಗಿ ಬಾಡಿಗೆಗೆ ತಂದು ಕೆಲಸ ಮಾಡುವವರಿಗೆ ಆ ಗುತ್ತಿಗೆ ಹೋಗುತ್ತಿತ್ತು. ಸಹಿ ಒಬ್ಬರದು, ಕೆಲಸ ಇನ್ನೊಬ್ಬರದು. ಅಂಥವರ ವಿರುದ್ಧ ನೀವು ಒಂದು ಮಾತೂ ಆಡಿಲ್ಲ.

ಜಮಖಂಡಿ ವೈರ್‌ಮನ್:
ಎಲ್ಲರಿಗೂ ಧನ್ಯವಾದ. ಸಾಮಾನಿನ ಬಗ್ಗೆ ಒಂದು ಪ್ರಶ್ನೆ. ಗೆಳೆಯನ ಬಳಿ ಬೆಸುಗೆಯ ಆಕ್ಸಿಜನ್ ಸಿಲಿಂಡರ್ ಇದೆ. ಸೋರಿಕೆ ಪರೀಕ್ಷೆಗೆ ಅದನ್ನೇ ತುಂಬಿದರೆ ಸಾಕು, ನೈಟ್ರೋಜನ್ ಖರ್ಚು ಬೇಡ ಎನ್ನುತ್ತಾನೆ. ಸರಿಯೇ?

ಉದ್ಯಮಬಾಗ ಎಸಿ ಸರ್ವಿಸ್:
ಬೇಡ! ಒತ್ತಡದ ಆಕ್ಸಿಜನ್ ಕಂಪ್ರೆಸರ್ ಎಣ್ಣೆಗೆ ತಗಲಿದರೆ ಸ್ಫೋಟವಾಗುತ್ತದೆ. ಹೀಗೆ ಜನ ಸತ್ತಿದ್ದಾರೆ. ಆ ಗೆಳೆಯನ ಜೊತೆ ಪಾಲುದಾರಿಕೆ ಮಾಡಬೇಡಿ, ಅವನನ್ನು ಯಂತ್ರದ ಹತ್ತಿರವೂ ಬಿಡಬೇಡಿ.

ತಿಕೋಟಾ ಪ್ಲಾಂಟ್ ಆಪರೇಟರ್:
ಉದ್ಯಮಬಾಗದವರ ಮಾತು ಅಕ್ಷರಶಃ ನಿಜ. ನಮ್ಮ ಪ್ಲಾಂಟಿನಲ್ಲಿ ಆಕ್ಸಿಜನ್ ಸಿಲಿಂಡರಿನ ವಾಲ್ವನ್ನು ಎಣ್ಣೆ ಮೆತ್ತಿದ ಕೈಯಲ್ಲಿ ಮುಟ್ಟಿದರೂ ಹೊರಗೆ ಕಳಿಸುತ್ತೇನೆ.

ನವನಗರ ಗುತ್ತಿಗೆದಾರ:
ಇದರಲ್ಲಿ ನನ್ನದೂ ತಕರಾರಿಲ್ಲ. ನೈಟ್ರೋಜನ್ ಸಿಲಿಂಡರ್, ರೆಗ್ಯುಲೇಟರ್ ಎರಡೂ ನನ್ನ ಬಳಿ ಖಾಲಿ ಕುಳಿತಿವೆ. ಜಮಖಂಡಿಯವರು ಬಂದು ಒಯ್ಯಲಿ, ಬಾಡಿಗೆ ಬೇಡ, ತುಂಬಿಸಿಕೊಂಡರೆ ಸಾಕು.

ಬನಹಟ್ಟಿ ಎಲೆಕ್ಟ್ರಿಕಲ್ಸ್:
ಪರೀಕ್ಷೆಗೆ ನೈಟ್ರೋಜನ್ ಸರಿ. ಬೆಸುಗೆ ಹಾಕುವಾಗಲೂ ಕೊಳವೆಯೊಳಗೆ ನೈಟ್ರೋಜನ್ ಬಿಡಬೇಕು ಎನ್ನುತ್ತಾರಲ್ಲ, ಅದು ಕಂಪನಿಯವರ ಪುಸ್ತಕದ ಮಾತು. ಇಷ್ಟು ವರ್ಷ ಬಿಡದೆಯೇ ಹಾಕಿದ್ದೇನೆ, ಒಂದೂ ಮರಳಿ ಬಂದಿಲ್ಲ.

ಉದ್ಯಮಬಾಗ ಎಸಿ ಸರ್ವಿಸ್:
ನೀವು ಹಾಕಿದ್ದು ಆರ್-22 ಯಂತ್ರಗಳಿಗೆ ಇರಬೇಕು. ನೈಟ್ರೋಜನ್ ಬಿಡದಿದ್ದರೆ ಬೆಸುಗೆಯ ಬಿಸಿಗೆ ಕೊಳವೆಯೊಳಗೆ ಕಪ್ಪು ಪೊರೆ ಕಟ್ಟುತ್ತದೆ. ಹೊಸ ಯಂತ್ರಗಳ ಎಣ್ಣೆ ಆ ಪೊರೆಯನ್ನು ಕಿತ್ತು ತರುತ್ತದೆ, ಅದು ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ರಂಧ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡೂ ಬಗೆಯ ಬೆಸುಗೆಯ ಕೊಳವೆಗಳನ್ನು ಉದ್ದಕ್ಕೆ ಸೀಳಿ ಅಂಗಡಿಯಲ್ಲಿ ಇಟ್ಟಿದ್ದೇನೆ. ಒಂದರ ಒಳಗೆ ಬೆರಳಾಡಿಸಿದರೆ ಕಾಡಿಗೆ ಹತ್ತುತ್ತದೆ, ಇನ್ನೊಂದು ಹೊಸ ತಾಮ್ರದಷ್ಟೇ ಕೆಂಪಾಗಿದೆ. ಬಂದು ನೋಡಿ, ಆಮೇಲೆ ಪುಸ್ತಕದ ಮಾತು ಎನ್ನಿ.

ಬನಹಟ್ಟಿ ಎಲೆಕ್ಟ್ರಿಕಲ್ಸ್:
ಕಾಂಟ್ಯಾಕ್ಟರ್ (ಮೋಟಾರಿನ ಸ್ವಿಚ್) ತರಲು ಸೋಮವಾರ ಬೆಳಗಾವಿಗೆ ಬರುವವನಿದ್ದೇನೆ. ಅಂಗಡಿ ತೆರೆದಿರಲಿ.