ಹಲಸಿನ ಮರಕ್ಕೆ ಇಂಜಿನ್ ಕಟ್ಟಬೇಡ ಮಾರಾಯ

ತಮ್ಮಾ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ತೋಟದಲ್ಲಿ ಆಳುಗಳ ಜೊತೆ ಇದ್ದೆ, ಈಗ ಕಾಫಿ ಹಿಡಿದು ಜಗುಲಿಯಲ್ಲಿ ಕೂತೆ. ಉದ್ದ ಆಗುತ್ತದೆ, ಪೂರ್ತಿ ಕೇಳು. ಹಳೇ ಮಹೀಂದ್ರಾ ಪಿಕಪ್ ಹೊಗೆ ಕಾರುತ್ತಿದೆ, ಇಂಜಿನ್ ಮನೆಯಲ್ಲೇ ಇಳಿಸಿ ಬೋರಿಂಗಿಗೆ, ಅಂದರೆ ಸವೆದ ಸಿಲಿಂಡರ್ ಕೊರೆಸಿ ಸರಿ ಮಾಡಿಸಲು, ಶಿವಮೊಗ್ಗಕ್ಕೆ ಕಳಿಸುತ್ತೇನೆ, ಅಂಗಳದ ಹಲಸಿನ ಕೊಂಬೆಗೆ ಭಾರ ಎತ್ತುವ ಚೈನ್ ಬ್ಲಾಕ್ ಕಟ್ಟಿದರೆ ಸಾಕಲ್ವಾ ಅಂತ ಕೇಳಿದ್ದೀಯ. ಅದಕ್ಕೆ ಚಿಕ್ಕಪ್ಪ ಹೆಬ್ಬೆರಳು ಒತ್ತಿದ್ದಾರೆ. ಅವರನ್ನು ನಂಬಬೇಡ, ಮೊನ್ನೆ ಸಾವಿನ ಸುದ್ದಿಗೂ ಹೆಬ್ಬೆರಳು ಒತ್ತಿದ್ದರು.

ಮೊದಲು ಒಂದು ಮಾತು. ಇಂಜಿನ್ ಇಳಿಸಲೇಬೇಕಾ? ಹೊಗೆಯ ಬಣ್ಣ ಏನು ಅಂತ ನೀನು ಹೇಳಲೇ ಇಲ್ಲ. ಆಗುಂಬೆಯ ತಿರುವು ಹತ್ತುವಾಗ ಮಾತ್ರ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ಇಂಜೆಕ್ಟರ್ ಕಡೆ ನೋಡು. ಬಿಳಿ ಹೊಗೆ ಬಂದು ರೇಡಿಯೇಟರ್ ನೀರು ಕಡಿಮೆ ಆಗುತ್ತಿದ್ದರೆ ಇಂಜಿನ್ನಿನ ಮೇಲ್ಭಾಗದ, ಅಂದರೆ ಹೆಡ್ಡಿನ, ಕೆಳಗಿರುವ ಗ್ಯಾಸ್ಕೆಟ್ ಹೋಗಿರಬಹುದು. ಅದಕ್ಕೆ ಹೆಡ್ ಬಿಚ್ಚಿದರೆ ಸಾಕು, ಇಂಜಿನ್ ಕೂತಲ್ಲೇ ಇರಲಿ. ನೀಲಿ ಹೊಗೆ ಬಂದು ಆಯಿಲ್ ಇಳಿಯುತ್ತಿದ್ದರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಹೋಗಿದೆ. ಗಾಡಿ ಸ್ಟಾರ್ಟ್ ಮಾಡಿ ಆಯಿಲ್ ಹಾಕುವ ಮುಚ್ಚಳ ತೆಗಿ. ಬಚ್ಚಲ ಒಲೆಯ ಹಾಗೆ ಬುಸು ಬುಸು ಹೊಗೆ ಬಂದರೆ ಮಾತ್ರ ರಿಂಗಿನ ಕಡೆ ಅನುಮಾನ ಪಡು, ಬೋರಿಂಗಿನ ಮಾತು ಆಮೇಲೆ.

ಸರಿ, ಇಳಿಸಲೇಬೇಕು ಅಂತಿಟ್ಟುಕೊಳ್ಳೋಣ. ನನ್ನ ಕಥೆ ಕೇಳು. ನಮ್ಮನೆ ಪಿಕಪ್ಪಿನದೂ ಇದೇ 2,523 ಸಿಸಿ ಡಿಐ ಇಂಜಿನ್. ನಾನು ಮರಕ್ಕೆ ಕಟ್ಟಲಿಲ್ಲ, ಅದಕ್ಕಿಂತ ದೊಡ್ಡ ದಡ್ಡತನ ಮಾಡಿದೆ. ಹಳೇ ಕೊಟ್ಟಿಗೆಯ ಅಡ್ಡತೊಲೆಗೆ ಚೈನ್ ಬ್ಲಾಕ್ ನೇತುಹಾಕಿದೆ. ಅಜ್ಜನ ಕಾಲದ ತೊಲೆ, ಆನೆ ಕಟ್ಟಿದರೂ ಜಗ್ಗುವುದಿಲ್ಲ ಅಂತ ಭಾವ ಹೇಳಿದ. ಮೂರು ದಿನ ಕೂತು ಎಲ್ಲ ಬಿಚ್ಚಿದ್ದೆವು. ಇಂಜಿನ್ ನಾಲ್ಕು ಬೆರಳು ಮೇಲೆ ಬಂತು, ನಿಂತಿತು. ಸ್ವಲ್ಪ ಎಳಿ ಅಂದ. ಎಳೆದೆ. ಇನ್ನೂ ಸ್ವಲ್ಪ ಅಂದ. ಆಗ ಮೇಲಿಂದ ಟಕ್ ಅಂತ ಒಂದು ಸಣ್ಣ ಸದ್ದು. ಆಮೇಲೆ ಹಿಟ್ಟಿನಂಥ ಕೆಂಪು ಧೂಳು ನನ್ನ ಮೂಗಿನ ಮೇಲೆ ಉದುರಿತು. ಗೆದ್ದಲು! ತೊಲೆಯ ಗೋಡೆ ಕಡೆ ತುದಿ ಒಳಗೆಲ್ಲ ಟೊಳ್ಳು. ಎರಡು ಹಂಚು ಜಾರಿ ಬಾನೆಟ್ ಇಟ್ಟಿದ್ದ ಜಾಗಕ್ಕೇ ಬಿದ್ದವು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಅತ್ತಿಗೆ ಇವತ್ತಿಗೂ ಮನೆಗೆ ಬಂದವರಿಗೆಲ್ಲ ಆ ತೊಲೆ ತೋರಿಸುತ್ತಾರೆ.

ಇಂಜಿನ್ ಯಾಕೆ ನಿಂತಿತ್ತು ಗೊತ್ತಾ? ಅರ್ಥಿಂಗ್ ಪಟ್ಟಿ. ಇಂಜಿನ್ನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ, ಬೆರಳಗಲ ಇರುತ್ತದೆ. ನಮ್ಮದರಲ್ಲಿ ಸ್ಟಾರ್ಟರ್ ಹತ್ತಿರ ಕೆಳಗಡೆ, ಗ್ರೀಸು ಮಣ್ಣು ಮೆತ್ತಿಕೊಂಡು ಚಾಸಿಯ ಬಣ್ಣಕ್ಕೇ ತಿರುಗಿತ್ತು. ಟಾರ್ಚ್ ಬಿಟ್ಟು ನೋಡಿದರೂ ಕಾಣಲಿಲ್ಲ, ಕೈಯಾಡಿಸಿದಾಗ ಸಿಕ್ಕಿತು. ಅದಕ್ಕೇ ಹೇಳುತ್ತೇನೆ, ಇಂಜಿನ್ ನಿಂತಿತು ಅಂದರೆ ಚೈನ್ ಎಳೆಯುವುದನ್ನು ಬಿಡು. ಏನೋ ಒಂದು ಹಿಡಿದುಕೊಂಡಿದೆ ಅಂತ ಅರ್ಥ. ಒಂದು ಸುತ್ತು ಕೈಯಾಡಿಸು, ಆಮೇಲೆ ಎಳಿ.

ಬಿಚ್ಚುವುದು ಹೀಗೆ. ಬ್ಯಾಟರಿಯ ನೆಗೆಟಿವ್ ಮೊದಲು. ಕೂಲೆಂಟ್ ಬಾಣಲೆಗೆ ಹಿಡಿ, ಅಂಗಳಕ್ಕೆ ಬಿಡಬೇಡ. ಅದು ಸಿಹಿ ಇರುತ್ತದೆ, ನಿಮ್ಮ ನಾಯಿ ನೆಕ್ಕಿದರೆ ಕಿಡ್ನಿ ಹೋಗುತ್ತದೆ. ಆಯಿಲ್ ಇಳಿಸು. ಬಾನೆಟ್ ಬಿಚ್ಚುವ ಮೊದಲು ಹಿಂಜಿನ ಸುತ್ತ ಪೆನ್ನಿನಲ್ಲಿ ಗೆರೆ ಎಳಿ, ಇಲ್ಲದಿದ್ದರೆ ಆಮೇಲೆ ಒಂದು ಕಡೆ ಬಾಯಿ ಬಿಟ್ಟುಕೊಂಡೇ ಇರುತ್ತದೆ. ರೇಡಿಯೇಟರ್, ಫ್ಯಾನ್ ಎರಡೂ ಹೊರಗೆ ಬರಲಿ. ಇಂಜಿನ್ ಮುಂದಕ್ಕೆ ಜರುಗಲು ಆ ಜಾಗ ಬೇಕೇ ಬೇಕು. ಡೀಸೆಲ್ ಪೈಪು ಬಿಚ್ಚಿದ ಕೂಡಲೇ ಬಾಯಿ ಮುಚ್ಚು, ಒಂದು ಚಿಟಿಕೆ ಧೂಳು ಒಳಗೆ ಹೋದರೂ ಪಂಪಿಗೆ ಕೆಟ್ಟದ್ದು. ಆಲ್ಟರ್ನೇಟರಿನ ಬೆನ್ನಿಗೆ ವ್ಯಾಕ್ಯೂಮ್ ಪಂಪು ಇದ್ದರೆ ಅದರ ಪೈಪು ಮರೆಯಬೇಡ, ಬ್ರೇಕ್ ಬೂಸ್ಟರಿಗೆ ಹೋಗುವುದು ಅದೇ. ಸೈಲೆನ್ಸರ್ ಪೈಪಿನ ಬೋಲ್ಟುಗಳು ನಮ್ಮ ಮಳೆಗೆ ತುಕ್ಕು ಹಿಡಿದು ಅಂಟಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ಎಣ್ಣೆ ಹೊಡೆದು ಮಲಗು, ಬೆಳಿಗ್ಗೆ ಮತ್ತೊಮ್ಮೆ ಹೊಡಿ. ಜಬರ್ದಸ್ತಿ ಮಾಡಿದರೆ ತಲೆ ಮುರಿದು ಡ್ರಿಲ್ ಹುಡುಕುತ್ತಾ ಕೂರಬೇಕಾಗುತ್ತದೆ.

ಪ್ರತಿ ವೈರಿಗೂ ಚೀಟಿ ಅಂಟಿಸು, ಫೋನಿನಲ್ಲಿ ಫೋಟೋ ತೆಗಿ. ಬೋಲ್ಟಿಗೆ ನಾನು ಮಾಡಿದ ಉಪಾಯ, ಅಡಿಕೆ ಹಾಳೆ. ತೋಟದಲ್ಲಿ ಬಿದ್ದಿದ್ದನ್ನು ಕತ್ತರಿಸಿ ಸಾಲಾಗಿ ಇಟ್ಟೆ. ಒಂದರಲ್ಲಿ ರೇಡಿಯೇಟರಿನದು, ಒಂದರಲ್ಲಿ ಸ್ಟಾರ್ಟರಿನದು, ಮೇಲೆ ಇದ್ದಿಲಿನಲ್ಲಿ ಬರೆದೆ. ಒಂದೇ ಡಬ್ಬಕ್ಕೆ ಸುರಿದುಕೊಂಡರೆ ಜೋಡಿಸುವ ದಿನ ನಿನಗೇ ಗೊತ್ತಾಗುತ್ತದೆ.

ಗೇರ್‌ಬಾಕ್ಸ್ ಗಾಡಿಯಲ್ಲೇ ಇರಲಿ. ಆದರೆ ಅದರ ಕೆಳಗೆ ಜಾಕ್ ಕೊಟ್ಟ ಮೇಲೆಯೇ ಬೆಲ್ ಹೌಸಿಂಗಿನ, ಅಂದರೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚದ, ಬೋಲ್ಟು ಬಿಚ್ಚು. ಮೇಲಿನ ಎರಡು ಬೋಲ್ಟು ಇದೆ ನೋಡು, ಅದಕ್ಕೆ ಉದ್ದ ಎಕ್ಸ್‌ಟೆನ್ಷನ್ ಬೇಕು. ಗಾಡಿ ಕೆಳಗೆ ಬೆನ್ನ ಮೇಲೆ ಮಲಗಿ, ಕಣ್ಣಿಗೆ ಕಾಣದ ಬೋಲ್ಟಿಗೆ ಪಾನಾ ಕೂರಿಸುವುದು. ಆ ಎರಡಕ್ಕೆ ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಇಂಜಿನ್ ಮೌಂಟಿನ ನಟ್ಟು ಕೊನೆಗೆ. ಎತ್ತುವಾಗ ನೇರ ಮೇಲಕ್ಕಲ್ಲ, ಮೊದಲು ಮುಂದಕ್ಕೆ. ಗೇರ್‌ಬಾಕ್ಸಿನ ಶಾಫ್ಟು ಕ್ಲಚ್ ಪ್ಲೇಟಿನಿಂದ ಪೂರ್ತಿ ಹೊರಗೆ ಬರಬೇಕು, ಅರ್ಧ ಸಿಕ್ಕಿಕೊಂಡಿರುವಾಗ ಎತ್ತಿದರೆ ಪ್ಲೇಟು ಸೊಟ್ಟ.

ಈಗ ಹಲಸಿನ ಮರದ ವಿಷಯ. ಆ ಎರಕದ ಇಂಜಿನ್ನು ಎರಡು ಕ್ವಿಂಟಾಲಿಗೆ ಕಡಿಮೆ ಇಲ್ಲ. ಕೊಂಬೆ ಮುರಿಯದಿರಬಹುದು, ಆದರೆ ಬಾಗುತ್ತದೆ. ಬಾಗಿದ ಕೊಂಬೆಯ ಕೆಳಗೆ ಇಂಜಿನ್ ಉಯ್ಯಾಲೆ ಆಡುತ್ತದೆ. ನಿನ್ನ ಕೈ ಬೆಲ್ ಹೌಸಿಂಗ್ ಸಂದಿಯಲ್ಲಿ ಇರುತ್ತದೆ. ಮೇಲಿಂದ ಚಗಳಿ ಇರುವೆ ಕುತ್ತಿಗೆಗೆ ಉದುರುತ್ತದೆ. ಚೈನ್ ಹಿಡಿದವನು ಚಗಳಿ ಕೊಡವಲು ಕೈ ಬಿಟ್ಟ ಅಂದರೆ? ಬೇಡ.

ನಿಮ್ಮೂರಲ್ಲೇ ಬೋರ್‌ವೆಲ್ ಪಂಪು ಎತ್ತುವವರು ಇದ್ದಾರಲ್ಲ, ಅವರ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ಒಂದು ದಿನದ ಬಾಡಿಗೆಗೆ ಕೇಳು. ಎಷ್ಟು ಭಾರ ತಡೆಯುತ್ತದೆ ಅಂತಲೂ ಕೇಳಿಕೋ. ನಾನು ಕೊನೆಗೆ ಅದರಲ್ಲೇ ಇಳಿಸಿದ್ದು. ಗಾಡಿಯ ಮೂತಿ ಎರಡು ಕಾಲಿನ ನಡುವೆ ಬರಬೇಕು. ಕಾಲಿನ ಕೆಳಗೆ ಚಪ್ಪಡಿ ಕಲ್ಲು ಇಡು, ಮಳೆ ಕುಡಿದ ಮಣ್ಣಿನಲ್ಲಿ ಒಂದು ಕಾಲು ಹೂತರೆ ಮುಗಿಯಿತು. ಮೂರೂ ಕಾಲನ್ನು ಕೆಳಗೆ ಚೈನಿನಿಂದ ಸುತ್ತಿ ಕಟ್ಟು, ಜಾರಿ ಅಗಲ ಆಗದ ಹಾಗೆ. ಒಂದು ಟನ್ನಿನ ಚೈನ್ ಬ್ಲಾಕ್ ಸಾಕು. ಇಂಜಿನ್ನಿಗೆ ಕಟ್ಟುವ ಎರಡು ಚೈನು ಉದ್ದ ಇರಲಿ. ತುಂಡು ಚೈನು ಕಟ್ಟಿ ಅವೆರಡರ ನಡುವೆ 120 ಡಿಗ್ರಿ ಆಯಿತು ಅಂದರೆ ಒಂದೊಂದು ಚೈನಿನ ಮೇಲೂ ಇಂಜಿನ್ನಿನ ಪೂರ್ತಿ ಭಾರ ಬೀಳುತ್ತದೆ. 60 ಡಿಗ್ರಿಯ ಒಳಗಿದ್ದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಡಿಕೆ ಕೊನೆ ಇಳಿಸುವ ಹಗ್ಗ ತರಬೇಡ, ಕೈ ಮುಗಿಯುತ್ತೇನೆ.

ಇಂಜಿನ್ ಮೇಲೆ ಬಂದ ಮೇಲೆ ಅದು ಅಲ್ಲೇ ಇರಲಿ, ಗಾಡಿಯನ್ನು ಹಿಂದಕ್ಕೆ ತಳ್ಳು. ಆದ್ದರಿಂದ ಶುರುವಿನಲ್ಲೇ ಗಾಡಿ ನಿಲ್ಲಿಸುವ ಜಾಗ ನೋಡಿಕೋ. ನಿಮ್ಮ ಅಂಗಳ ತೋಟದ ಕಡೆ ಇಳಿಜಾರು, ಒಬ್ಬ ಚಕ್ರಕ್ಕೆ ಕಲ್ಲು ಹಿಡಿದುಕೊಂಡೇ ಇರಬೇಕು. ತೂಗುತ್ತಿರುವ ಇಂಜಿನ್ ಕೆಳಗೆ ಯಾರೂ ಕಾಲು ಚಾಚಬಾರದು. ಮಕ್ಕಳನ್ನು ಅವತ್ತು ಅಜ್ಜಿಮನೆಗೆ ಕಳಿಸಿಬಿಡು.

ಇನ್ನೊಂದು. ಶಿವಮೊಗ್ಗದಲ್ಲಿ ಯಾರಾದರೂ ಬೋರಿಂಗ್ ಯಾಕೆ, ಸೆಕೆಂಡ್ ಹ್ಯಾಂಡ್ ಇಂಜಿನ್ನೇ ಹಾಕಿಕೊಡುತ್ತೇವೆ ಅಂದರೆ ಅಲ್ಲೇ ಹೂಂ ಅನ್ನಬೇಡ. ಇಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಸುಮ್ನೆ ಬದಲಾಯಿಸುವ ಹಾಗಿಲ್ಲ, ಆರ್‌ಟಿಓ ಕಚೇರಿಯಲ್ಲಿ ಮೊದಲೇ ಕೇಳಬೇಕು. ಮತ್ತೆ ಇಂಜಿನ್ ಹೊರಗಿರುವಾಗಲೇ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಕ್ರ್ಯಾಂಕಿನ ಹಿಂದಿನ ಸೀಲು ನೋಡಿಸು. ಸೀಲಿಗೆ ದುಡ್ಡು ಉಳಿಸಲು ಹೋಗಿ ಮತ್ತೆ ಇಳಿಸಿದವರನ್ನು ನೋಡಿದ್ದೇನೆ. ಸರಿ ಸರಿ, ಅದೂ ನಾನೇ.

ಚೈನ್ ಬ್ಲಾಕ್ ನಮ್ಮನೆಯಲ್ಲಿದೆ, ಭಾನುವಾರ ಸಿಕ್ಕಿದರೆ ನಾನೇ ತರುತ್ತೇನೆ. ಅದಕ್ಕೂ ಮೊದಲು ಇವತ್ತು ಸಂಜೆ ಆಯಿಲ್ ಮುಚ್ಚಳ ತೆಗೆದು ಒಂದು ವಿಡಿಯೋ ಹಾಕು. ಹೊಗೆಯ ಬಣ್ಣ ಬೆಳಕಿನಲ್ಲಿ ಕಾಣಬೇಕು, ಕತ್ತಲಾದ ಮೇಲೆ ತೆಗೆಯಬೇಡ.